ಎಡಿಟರ್‌ಗೆ ಪ್ಲಗಿನ್: ಹಾಕೋದು, ತೆಗೆಯೋದು, ನಿಭಾಯಿಸೋದು



ಮೊದಲನೇ ಸೆಮಿಸ್ಟರ್‌ಗೆ ಬಂದು, ಸಿ ಭಾಷೆಯಲ್ಲಿ ಎರಡು ಸಂಖ್ಯೆ ಕೂಡಿಸೋದು ಕಲಿಯೋಕಿಂತ ಮುಂಚೆನೇ ‘ಈ ಹತ್ತು ಎಕ್ಸ್‌ಟೆನ್ಷನ್ ಹಾಕ್ಕೋರಿ’ ಅನ್ನೋ ವಿಡಿಯೋ ಸಿಗ್ತದ. ಹಾಕ್ಕೊಂಡ ಮೇಲೆ ಮೂರು ತೊಂದರೆ ಬರುತ್ತವೆ. 4 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನ ದಿನದ ಡೇಟಾ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಇನ್ನು ಲ್ಯಾಬ್ ಪರೀಕ್ಷೆಯ ದಿನ, ಏನೂ ಹಾಕಿರದ ಬರೀ ಎಡಿಟರ್ ಮುಂದೆ ಕೂತಾಗ ಸೆಮಿಕೋಲನ್ ಎಲ್ಲಿ ಬಿಟ್ಟಿದೆ ಅನ್ನೋದೇ ಗೊತ್ತಾಗೋದಿಲ್ಲ.

ಹಂಗಂತ ಪ್ಲಗಿನ್ ಕೆಟ್ಟದ್ದೇನಲ್ಲ. ಯಾವುದು ಬೇಕು, ಅದು ಎಲ್ಲಿ ಕೂತಿದೆ, ಬೇಡವಾದಾಗ ಹೇಗೆ ತೆಗೆಯಬೇಕು, ಇಷ್ಟು ಗೊತ್ತಿದ್ದರೆ ಅದು ನಮ್ಮ ಕೈಯಲ್ಲಿರುತ್ತದೆ. ಈ ಪಾಠದಲ್ಲಿ ವಿ.ಎಸ್. ಕೋಡ್ ಮತ್ತು ವಿಮ್ ಎರಡನ್ನೂ ನೋಡೋಣ. ಮೆನುಗಳು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಇರುತ್ತವೆ. ಓದುವಾಗ ಕೇಳಿಸುವ ಹಾಗೇ ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ.

1. ಪ್ಲಗಿನ್ ಅಂದ್ರೆ ಏನು?

ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿಯುವ ಸುರಪುರ, ಶಹಾಪುರದ ಗದ್ದೆಗಳಲ್ಲಿ ಟ್ರ್ಯಾಕ್ಟರ್ ಓಡೋದು ನೋಡೇ ಇರ್ತೀರಿ. ಭತ್ತದ ಗದ್ದೆಯಲ್ಲಿ ಕೆಸರು ಮಾಡಲು ಕೇಜ್ ವೀಲ್, ಹೊಲ ಹದ ಮಾಡಲು ರೋಟವೇಟರ್, ತೊಗರಿ ಬಿತ್ತಲು ಕೂರಿಗೆ, ಚೀಲ ಸಾಗಿಸಲು ಟ್ರ್ಯಾಲಿ. ಎಂಜಿನ್ ಒಂದೇ, ಹಿಂದೆ ಜೋಡಿಸುವ ಸಾಮಾನು ಬೇರೆ ಬೇರೆ. ಎಡಿಟರ್ ಅಂದ್ರೆ ಟ್ರ್ಯಾಕ್ಟರ್, ಪ್ಲಗಿನ್ ಅಂದ್ರೆ ಹಿಂದಿನ ಸಾಮಾನು. ವಿ.ಎಸ್. ಕೋಡ್‌ನಲ್ಲಿ ಇದನ್ನೇ ಎಕ್ಸ್‌ಟೆನ್ಷನ್ ಅಂತಾರೆ.

ಹೋಲಿಕೆ ಒಂದು ಕಡೆ ಮಾತ್ರ ಸಾಲದು. ಕೂರಿಗೆ ತಾನಾಗಿ ಏನೂ ಮಾಡುವುದಿಲ್ಲ. ಪ್ಲಗಿನ್ ಹಾಗಲ್ಲ, ಅದು ಬೇರೆ ಯಾರೋ ಬರೆದ ಪ್ರೋಗ್ರಾಮ್. ವಿ.ಎಸ್. ಕೋಡ್‌ನಲ್ಲಿ ಅದು ಎಕ್ಸ್‌ಟೆನ್ಷನ್ ಹೋಸ್ಟ್ ಎಂಬ ಪ್ರತ್ಯೇಕ ಪ್ರಕ್ರಿಯೆಯಲ್ಲಿ ಓಡುತ್ತದೆ. ಎಡಿಟರ್‌ಗೆ ನಿಮ್ಮ ಗಣಕದಲ್ಲಿ ಎಷ್ಟು ಅಧಿಕಾರ ಇದೆಯೋ ಅದಕ್ಕೂ ಅಷ್ಟೇ ಇರುತ್ತದೆ. ನಿಮ್ಮ ಫೈಲ್ ಓದಬಹುದು, ಬದಲಿಸಬಹುದು, ನೆಟ್‌ಗೆ ಕಳಿಸಬಹುದು. ಇನ್‌ಸ್ಟಾಲ್ ಒತ್ತುವುದು ಅಂದ್ರೆ ಈ ಎಲ್ಲದಕ್ಕೂ ಒಪ್ಪಿಗೆ ಕೊಟ್ಟ ಹಾಗೆ.

2. ಎಕ್ಸ್‌ಟೆನ್ಷನ್ ಬೇರೆ, ಕಂಪೈಲರ್ ಬೇರೆ

ಹೊಸಬರು ಅತಿ ಹೆಚ್ಚು ಎಡವುವುದು ಇಲ್ಲೇ. ಮೈಕ್ರೋಸಾಫ್ಟ್‌ನ ಸಿ/ಸಿ ಪ್ಲಸ್ ಪ್ಲಸ್ ಎಕ್ಸ್‌ಟೆನ್ಷನ್ ಹಾಕಿದ ಮೇಲೂ ಪ್ರೋಗ್ರಾಮ್ ಓಡುವುದಿಲ್ಲ. ಯಾಕಂದ್ರೆ ಅದರಲ್ಲಿ ಕಂಪೈಲರ್ ಇಲ್ಲ. ಅದು ಪದ ಸೂಚಿಸುತ್ತದೆ, ತಪ್ಪಿನ ಕೆಳಗೆ ಕೆಂಪು ಗೆರೆ ಎಳೆಯುತ್ತದೆ, ಡೀಬಗ್ ಮಾಡಲು ಪರದೆ ಕೊಡುತ್ತದೆ. ಕೋಡನ್ನು ಯಂತ್ರಭಾಷೆಗೆ ಇಳಿಸುವ ಕೆಲಸ ಜಿಸಿಸಿ ಅಥವಾ ಕ್ಲ್ಯಾಂಗ್‌ನದು. ಅದನ್ನು ಬೇರೆಯಾಗಿ ಹಾಕಬೇಕು. ಉಬುಂಟುವಿನಲ್ಲಿ ಜಿಸಿಸಿ ಪ್ಯಾಕೇಜ್ ಹಾಕಿದರೆ ಮುಗಿಯಿತು. ವಿಂಡೋಸ್‌ನಲ್ಲಿ ಮಿನ್‌ಜಿಡಬ್ಲ್ಯೂ ಹಾಕಿ, ಅದರ ದಾರಿಯನ್ನು ಪಾತ್ ಎಂಬ ಚರಾಂಶಕ್ಕೆ ಸೇರಿಸಬೇಕು. ಪೈಥಾನ್ ಎಕ್ಸ್‌ಟೆನ್ಷನ್ ಕಥೆಯೂ ಇದೇ, ಇಂಟರ್ಪ್ರಿಟರ್ ಅದರ ಜೊತೆ ಬರುವುದಿಲ್ಲ.

ಪರೀಕ್ಷಿಸುವುದು ಸುಲಭ. ಎಡಿಟರ್ ಮುಚ್ಚಿ, ಟರ್ಮಿನಲ್ ತೆಗೆದು, ಜಿಸಿಸಿ ಅಂತ ಟೈಪ್ ಮಾಡಿ ಎಂಟರ್ ಒತ್ತಿರಿ. ‘ನೋ ಇನ್‌ಪುಟ್ ಫೈಲ್ಸ್’ ಅಂದ್ರೆ ಕಂಪೈಲರ್ ಇದೆ. ಆಜ್ಞೆಯೇ ಗೊತ್ತಿಲ್ಲ ಅಂದ್ರೆ ಇಲ್ಲ. ಎಷ್ಟು ಎಕ್ಸ್‌ಟೆನ್ಷನ್ ಹಾಕಿದರೂ ಆ ಕೊರತೆ ತುಂಬುವುದಿಲ್ಲ. ಡೀಸೆಲ್ ಇಲ್ಲದ ಟ್ರ್ಯಾಕ್ಟರ್‌ಗೆ ಇನ್ನೊಂದು ಕೂರಿಗೆ ಜೋಡಿಸಿದ ಹಾಗೆ.

3. ಹಾಕುವ ಮುನ್ನ ಮೂರು ಪ್ರಶ್ನೆ

ಮೊದಲನೆಯದು: ಈ ಸೌಲಭ್ಯ ಈಗಾಗಲೇ ಇದೆಯೇ? ಬ್ರ್ಯಾಕೆಟ್ ಪೇರ್ ಕಲರೈಸರ್ ಎಂಬ ಎಕ್ಸ್‌ಟೆನ್ಷನ್ ಒಂದು ಕಾಲಕ್ಕೆ ಬಹಳ ಜನಪ್ರಿಯವಾಗಿತ್ತು. ಜೋಡಿ ಆವರಣಗಳಿಗೆ ಬಣ್ಣ ಹಚ್ಚುವುದು ಅದರ ಕೆಲಸ. ದೊಡ್ಡ ಫೈಲ್‌ಗಳಲ್ಲಿ ನಿಧಾನವಾಗುತ್ತಿತ್ತು. 2021ರಲ್ಲಿ ವಿ.ಎಸ್. ಕೋಡ್ ತಂಡ ಆ ಕೆಲಸವನ್ನು ಎಡಿಟರ್ ಒಳಗೇ ಸೇರಿಸಿತು, ಅದೂ ಹಲವು ಪಟ್ಟು ವೇಗವಾಗಿ. ಈಗ ಅದು ತಾನಾಗಿಯೇ ಚಾಲೂ ಇರುತ್ತದೆ, ಆ ಎಕ್ಸ್‌ಟೆನ್ಷನ್ ಬೇಕಿಲ್ಲ. ಆದರೂ ಹಳೆ ವಿಡಿಯೋಗಳಲ್ಲಿ ಅದನ್ನು ಹಾಕ್ಕೋರಿ ಅಂತಾನೇ ಹೇಳ್ತಾರ. ವಿಡಿಯೋ ನೋಡುವಾಗ ಅದು ಯಾವ ವರ್ಷದ್ದು ಅಂತ ಮೊದಲು ನೋಡ್ರಿ.

ಕನ್ನಡ ಟೈಪಿಂಗ್‌ಗೂ ಎಡಿಟರ್ ಪ್ಲಗಿನ್ ಬೇಡ. ಕೀಲಿಮಣೆ ಆಪರೇಟಿಂಗ್ ಸಿಸ್ಟಮ್‌ನ ವಿಷಯ. ವಿಂಡೋಸ್‌ನ ಭಾಷಾ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರಿಸಿದರೆ ಸಾಕು. ಲಿನಕ್ಸ್‌ನಲ್ಲಿ ನುಡಿಯಲ್ಲಿ ರೂಢಿಯಾದ ಕ.ಗ.ಪ. ವಿನ್ಯಾಸವೂ ಸಿಗುತ್ತದೆ. ಹಳೆಯ ನುಡಿ ಫೈಲ್ ತೆಗೆದಾಗ ಇಂಗ್ಲಿಷ್ ಅಕ್ಷರಗಳ ಗೋಜಲು ಕಂಡರೆ ಅದು ಎಡಿಟರ್‌ನ ತಪ್ಪಲ್ಲ. ಆ ಫೈಲ್ ಯುನಿಕೋಡ್‌ನಲ್ಲಿಲ್ಲ. ಪರಿವರ್ತಕದಿಂದ ಯುನಿಕೋಡ್‌ಗೆ ತಂದ ಮೇಲೆ ಸರಿಹೋಗುತ್ತದೆ.

ಎರಡನೆಯದು: ಬರೆದವರು ಯಾರು? ಒಂದೇ ಹೆಸರಿನ, ಒಂದೇ ಚಿಹ್ನೆಯ ನಕಲಿಗಳು ಇರಬಹುದು. ಹೆಸರಿನ ಕೆಳಗೆ ಪ್ರಕಾಶಕರ ಹೆಸರು ಇರುತ್ತದೆ. ಪರಿಶೀಲಿತರಾದರೆ ಪಕ್ಕದಲ್ಲಿ ನೀಲಿ ಗುರುತು ಇರುತ್ತದೆ. 2025ರ ಆರಂಭದ 1.97ನೇ ಆವೃತ್ತಿಯಿಂದ, ಹೊಸ ಪ್ರಕಾಶಕರ ಎಕ್ಸ್‌ಟೆನ್ಷನ್ ಹಾಕುವಾಗ ‘ಇವರನ್ನು ನಂಬುತ್ತೀರಾ’ ಎಂದು ವಿ.ಎಸ್. ಕೋಡ್ ಕೇಳುತ್ತದೆ. ಓದದೆ ಹೌದು ಅನ್ನಬ್ಯಾಡ್ರಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಗ್ಲಾಸ್‌ವರ್ಮ್ ಎಂಬ ದುರುದ್ದೇಶದ ಕೋಡ್ ಓಪನ್ ವಿ.ಎಸ್.ಎಕ್ಸ್ ಭಂಡಾರದ ಎಕ್ಸ್‌ಟೆನ್ಷನ್‌ಗಳಲ್ಲಿ ಪತ್ತೆಯಾಯಿತು. ಕಣ್ಣಿಗೆ ಕಾಣದ ಯುನಿಕೋಡ್ ಅಕ್ಷರಗಳಲ್ಲಿ ಅಡಗಿ, ಡೆವಲಪರ್‌ಗಳ ಗಿಟ್‌ಹಬ್ ಕೀಲಿಗಳಂಥವನ್ನು ಅದು ಕದಿಯುತ್ತಿತ್ತು.

ಮೂರನೆಯದು: ಈ ವಾರ ಇದರ ಕೆಲಸ ಇದೆಯೇ? ‘ಮುಂದೆಂದಾದರೂ ಬೇಕಾಗಬಹುದು’ ಎಂದರೆ ಈಗ ಹಾಕಬೇಡಿ. ಬೇಕಾದ ದಿನ ಹಾಕಲು ಒಂದು ನಿಮಿಷ ಸಾಕು.

4. ಹಾಕುವ ವಿಧಾನ

ಕಂಟ್ರೋಲ್, ಶಿಫ್ಟ್, ಎಕ್ಸ್ ಮೂರನ್ನೂ ಒಟ್ಟಿಗೆ ಒತ್ತಿರಿ. ಎಡಗಡೆ ಹುಡುಕುವ ಪಟ್ಟಿ ತೆರೆಯುತ್ತದೆ. ಹೆಸರು ಹುಡುಕಿ, ವಿವರದ ಪುಟ ಓದಿ, ಇನ್‌ಸ್ಟಾಲ್ ಒತ್ತಿರಿ. ಅಷ್ಟೇ. ಹಾಕಿದ್ದೆಲ್ಲ ನಿಮ್ಮ ಹೋಮ್ ಫೋಲ್ಡರ್‌ನಲ್ಲಿ ಡಾಟ್ ವಿಎಸ್‌ಕೋಡ್ ಎಂಬ ಫೋಲ್ಡರ್‌ನ ಎಕ್ಸ್‌ಟೆನ್ಷನ್ಸ್ ಒಳಗೆ ಕೂರುತ್ತದೆ. ಒಮ್ಮೆ ತೆಗೆದು ನೋಡ್ರಿ, ಪ್ರತಿ ಎಕ್ಸ್‌ಟೆನ್ಷನ್‌ಗೆ ಒಂದೊಂದು ಫೋಲ್ಡರ್ ಕಾಣುತ್ತದೆ. ಡಿಸ್ಕ್‌ನಲ್ಲಿ ಯಾವುದು ಎಷ್ಟು ಜಾಗ ತಿಂದಿದೆ ಅನ್ನೋದೂ ಅಲ್ಲೇ ತಿಳಿಯುತ್ತದೆ.

5. ನೆಟ್ ಇಲ್ಲದ ಕಡೆ

ಯಾದಗಿರಿ ಸ್ಟೇಷನ್‌ನಲ್ಲಿ ಇಳಿದು ಶಹಾಪುರ, ಸುರಪುರದ ಬಸ್ ಹತ್ತಿ, ಅಲ್ಲಿಂದ ಹಳ್ಳಿಗೆ ಹೋಗುವವರಿಗೆ ರಜೆಯಲ್ಲಿ ಇದು ಬೇಕಾಗುತ್ತದೆ. ಎಕ್ಸ್‌ಟೆನ್ಷನ್ ಅನ್ನು ವಿ.ಎಸ್.ಐ.ಎಕ್ಸ್ ಎಂಬ ಒಂದೇ ಫೈಲ್ ಆಗಿ ಇಳಿಸಿಕೊಳ್ಳಬಹುದು. ಅದು ಒಂದು ಜಿಪ್ ಕಡತವೇ.

ಮೊದಲು ಕಾಲೇಜಿನ ವೈಫೈನಲ್ಲಿ, ಎಕ್ಸ್‌ಟೆನ್ಷನ್ ಹೆಸರಿನ ಮೇಲೆ ಬಲ ಗುಂಡಿ ಒತ್ತಿ ಡೌನ್‌ಲೋಡ್ ವಿ.ಎಸ್.ಐ.ಎಕ್ಸ್ ಆರಿಸಿರಿ. ಈಚಿನ ಆವೃತ್ತಿಗಳಲ್ಲಿ ಈ ಆಯ್ಕೆ ಇದೆ. ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿರಿ. ಮನೆಯಲ್ಲಿ ಎಕ್ಸ್‌ಟೆನ್ಷನ್ ಪಟ್ಟಿಯ ಮೇಲಿನ ಮೂರು ಚುಕ್ಕಿ ಒತ್ತಿ ‘ಇನ್‌ಸ್ಟಾಲ್ ಫ್ರಮ್ ವಿ.ಎಸ್.ಐ.ಎಕ್ಸ್’ ಆರಿಸಿ, ಫೈಲ್ ತೋರಿಸಿರಿ.

ಮೂರು ಎಚ್ಚರಿಕೆ. ಸಿ/ಸಿ ಪ್ಲಸ್ ಪ್ಲಸ್‌ನಂಥವು ವಿಂಡೋಸ್‌ಗೆ ಬೇರೆ, ಲಿನಕ್ಸ್‌ಗೆ ಬೇರೆ ಫೈಲ್ ಇರುತ್ತವೆ. ನಿಮ್ಮ ಯಂತ್ರದ್ದೇ ತರಬೇಕು. ಹೀಗೆ ಫೈಲ್‌ನಿಂದ ಹಾಕಿದ್ದು ತಾನಾಗಿ ಅಪ್‌ಡೇಟ್ ಆಗುವುದಿಲ್ಲ, ನೆಟ್ ಸಿಕ್ಕಾಗ ನೀವೇ ಮಾಡಬೇಕು. ಗೆಳೆಯ ವಾಟ್ಸಾಪ್‌ನಲ್ಲಿ ಕಳಿಸಿದ ವಿ.ಎಸ್.ಐ.ಎಕ್ಸ್ ಎಲ್ಲಿಂದ ಬಂತು ಅಂತ ಕೇಳದೆ ಹಾಕಬೇಡಿ.

6. ನಿಭಾಯಿಸೋದು

ಹೆಸರಿನ ಪಕ್ಕದ ಗೇರ್ ಚಿಹ್ನೆ ಒತ್ತಿದರೆ ಬೇಕಾದ್ದೆಲ್ಲ ಅಲ್ಲೇ ಇದೆ. ಡಿಸೇಬಲ್ ಅಂದ್ರೆ ಇರಲಿ, ಓಡುವುದು ಬೇಡ. ಡಿಸೇಬಲ್ ವರ್ಕ್‌ಸ್ಪೇಸ್ ಅಂದ್ರೆ ಈ ಫೋಲ್ಡರ್‌ನಲ್ಲಿ ಮಾತ್ರ ಬೇಡ. ಅನ್‌ಇನ್‌ಸ್ಟಾಲ್ ಅಂದ್ರೆ ಪೂರ್ತಿ ತೆಗೆ. ಹೊಸ ಆವೃತ್ತಿ ಕಾಟ ಕೊಟ್ಟರೆ ‘ಇನ್‌ಸ್ಟಾಲ್ ಸ್ಪೆಸಿಫಿಕ್ ವರ್ಷನ್’ ಆರಿಸಿ ಹಿಂದಿನದಕ್ಕೆ ಹೋಗಬಹುದು.

ಲ್ಯಾಪ್‌ಟಾಪ್ ನಿಧಾನ ಆದರೆ ಯಾರನ್ನು ದೂರಬೇಕು? ಕಂಟ್ರೋಲ್, ಶಿಫ್ಟ್, ಪಿ ಒತ್ತಿ ‘ಶೋ ರನ್ನಿಂಗ್ ಎಕ್ಸ್‌ಟೆನ್ಷನ್ಸ್’ ಎಂದು ಹುಡುಕಿರಿ. ಯಾವುದು ಚಾಲೂ ಆಗಲು ಎಷ್ಟು ಮಿಲಿಸೆಕೆಂಡ್ ತೆಗೆದುಕೊಂಡಿತು ಅನ್ನೋದು ಕಾಣುತ್ತದೆ. ಹಾಕಿದ್ದೆಲ್ಲ ಸದಾ ಓಡುತ್ತಿರುವುದಿಲ್ಲ. ಪೈಥಾನ್ ಫೈಲ್ ತೆಗೆದಾಗ ಮಾತ್ರ ಏಳುವಂಥವೂ ಇವೆ.

ಏನೋ ಕೆಟ್ಟಿದೆ, ಯಾವುದರಿಂದ ಅಂತ ಗೊತ್ತಿಲ್ಲ ಅಂದ್ರೆ ಅಲ್ಲೇ ‘ಸ್ಟಾರ್ಟ್ ಎಕ್ಸ್‌ಟೆನ್ಷನ್ ಬೈಸೆಕ್ಟ್’ ಹುಡುಕಿರಿ. ಅದು ಅರ್ಧ ಎಕ್ಸ್‌ಟೆನ್ಷನ್‌ಗಳನ್ನು ಆರಿಸಿ ‘ಈಗ ಸರಿ ಇದೆಯೇ’ ಎಂದು ಕೇಳುತ್ತದೆ. ನಿಮ್ಮ ಉತ್ತರ ನೋಡಿ ಉಳಿದದ್ದನ್ನು ಮತ್ತೆ ಅರ್ಧ ಮಾಡುತ್ತದೆ. 16 ಇದ್ದರೂ ಸುಮಾರು 4 ಸುತ್ತಿನಲ್ಲಿ ಕಳ್ಳ ಸಿಗುತ್ತಾನೆ. ಡೇಟಾ ಸ್ಟ್ರಕ್ಚರ್ಸ್ ತರಗತಿಯ ಬೈನರಿ ಸರ್ಚ್ ಇದೇ ನೋಡ್ರಿ.

ಸೀನಿಯರ್ ಕೊಟ್ಟ ಫೋಲ್ಡರ್ ತೆಗೆದಾಗ ಎಕ್ಸ್‌ಟೆನ್ಷನ್ ಕೆಲಸ ಮಾಡದಿದ್ದರೆ ಗಾಬರಿ ಬೇಡ. ಕಿಟಕಿಯ ಕೆಳಗೆ ‘ರಿಸ್ಟ್ರಿಕ್ಟೆಡ್ ಮೋಡ್’ ಎಂದಿದೆಯೇ ನೋಡಿ. ಆ ಫೋಲ್ಡರ್ ನಂಬಿಕೆಯದು ಅಂತ ನೀವು ಹೇಳುವವರೆಗೆ ಕೆಲವು ಎಕ್ಸ್‌ಟೆನ್ಷನ್‌ಗಳು ಕೈಕಟ್ಟಿ ಕೂರುತ್ತವೆ.

ಪಟ್ಟಿ ಇಟ್ಟುಕೊಳ್ಳುವುದೂ ನಿಭಾಯಿಸುವ ಕೆಲಸವೇ. ಟರ್ಮಿನಲ್‌ನಲ್ಲಿ ಕೋಡ್ ಎಂದು ಬರೆದು, ಜಾಗ ಬಿಟ್ಟು, ಎರಡು ಅಡ್ಡಗೆರೆ ಹಾಕಿ, ಲಿಸ್ಟ್ ಮತ್ತು ಎಕ್ಸ್‌ಟೆನ್ಷನ್ಸ್ ಪದಗಳ ನಡುವೆ ಒಂದು ಅಡ್ಡಗೆರೆ ಇಟ್ಟು ಎಂಟರ್ ಒತ್ತಿದರೆ ಪೂರ್ತಿ ಪಟ್ಟಿ ಬರುತ್ತದೆ. ಅದನ್ನು ಒಂದು ಫೈಲ್‌ನಲ್ಲಿ ಇಡಿ. ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆದ ದಿನ ಉಪಯೋಗಕ್ಕೆ ಬರುತ್ತದೆ.

7. ವಿಮ್‌ನಲ್ಲಿ: ಪ್ಲಗಿನ್ ಅಂದ್ರೆ ಒಂದು ಫೋಲ್ಡರ್

ಹಳೆಯ ಲಿನಕ್ಸ್ ಯಂತ್ರಕ್ಕೆ ವಿಮ್ ಹಗುರ. ಬ್ರಾಮ್ ಮೂಲೆನಾರ್ 1991ರಲ್ಲಿ ಬಿಡುಗಡೆ ಮಾಡಿದ ಈ ಎಡಿಟರ್‌ಗೆ, 2016ರ 8ನೇ ಆವೃತ್ತಿಯಿಂದ ಪ್ಲಗಿನ್ ಹಾಕಲು ಬೇರೆ ಮ್ಯಾನೇಜರ್ ಕಡ್ಡಾಯವಲ್ಲ. ಹೋಮ್ ಫೋಲ್ಡರ್‌ನಲ್ಲಿ ಡಾಟ್ ವಿಮ್, ಅದರೊಳಗೆ ಪ್ಯಾಕ್, ಅದರೊಳಗೆ ನಿಮಗೆ ಇಷ್ಟವಾದ ಒಂದು ಹೆಸರು, ಅದರೊಳಗೆ ಸ್ಟಾರ್ಟ್ ಎಂಬ ಫೋಲ್ಡರ್ ಮಾಡಿರಿ. ಪ್ಲಗಿನ್‌ನ ಫೋಲ್ಡರ್ ತಂದು ಅಲ್ಲಿಟ್ಟರೆ ಮುಂದಿನ ಸಲ ವಿಮ್ ತೆಗೆದಾಗ ಅದು ಚಾಲೂ. ಸ್ಟಾರ್ಟ್ ಬದಲು ಆಪ್ಟ್ ಎಂಬ ಫೋಲ್ಡರ್‌ನಲ್ಲಿಟ್ಟರೆ, ಪ್ಯಾಕ್‌ಆಡ್ ಆಜ್ಞೆ ಕೊಟ್ಟಾಗ ಮಾತ್ರ ಏಳುತ್ತದೆ. ತೆಗೆಯಬೇಕೆ? ಫೋಲ್ಡರ್ ಅಳಿಸಿ. ಗಿಟ್‌ನಿಂದ ತಂದಿದ್ದರೆ ಗಿಟ್ ಪುಲ್ ಮಾಡಿದರೆ ಅಪ್‌ಡೇಟ್. ಪೆನ್‌ಡ್ರೈವ್‌ನಲ್ಲಿ ತಂದಿದ್ದರೂ ನಡೆಯುತ್ತದೆ. ಏನೇನು ಲೋಡ್ ಆಗಿದೆ ಅಂತ ಸ್ಕ್ರಿಪ್ಟ್‌ನೇಮ್ಸ್ ಆಜ್ಞೆ ಹೇಳುತ್ತದೆ.

ಇದನ್ನು ಒಮ್ಮೆ ಕೈಯಾರೆ ಮಾಡಿ ನೋಡಿದವರಿಗೆ ಯಾವ ಎಡಿಟರ್‌ನ ಪ್ಲಗಿನ್ ಬಗ್ಗೆಯೂ ಅಂಜಿಕೆ ಉಳಿಯುವುದಿಲ್ಲ.

8. ಪರೀಕ್ಷೆಯ ದಿನಕ್ಕಾಗಿ

ಕೆಂಪು ಗೆರೆ ಎಳೆಯುವ ಎಕ್ಸ್‌ಟೆನ್ಷನ್ ಒಳ್ಳೆಯ ಗುರು, ಆದರೆ ಪರೀಕ್ಷೆ ಕೊಠಡಿಯೊಳಗೆ ನಿಮ್ಮ ಜೊತೆ ಬರುವುದಿಲ್ಲ. ಅಲ್ಲಿ ತಪ್ಪು ತೋರಿಸುವುದು ಕಂಪೈಲರ್ ಒಂದೇ. ಅದರ ಮಾತು ಓದಲು ಈಗಲೇ ಕಲಿಯಬೇಕು. ಎಡಗಡೆ ಕೆಳಗಿನ ಗೇರ್ ಒತ್ತಿ, ಪ್ರೊಫೈಲ್ಸ್‌ಗೆ ಹೋಗಿ, ಏನೂ ಇಲ್ಲದ ಒಂದು ಖಾಲಿ ಪ್ರೊಫೈಲ್ ಮಾಡಿ ‘ಪರೀಕ್ಷೆ’ ಅಂತ ಹೆಸರಿಡಿ. ಅದರಲ್ಲಿ ಯಾವ ಎಕ್ಸ್‌ಟೆನ್ಷನ್ನೂ ಇರುವುದಿಲ್ಲ. ನಿಮ್ಮ ಮಾಮೂಲಿ ಪ್ರೊಫೈಲ್ ಹಾಗೇ ಉಳಿಯುತ್ತದೆ. ವಾರಕ್ಕೆ ಒಂದು ದಿನವಾದರೂ ಖಾಲಿ ಪ್ರೊಫೈಲ್‌ನಲ್ಲಿ ಬರೆದು, ಟರ್ಮಿನಲ್‌ನಲ್ಲಿ ಜಿಸಿಸಿಯಿಂದ ಓಡಿಸಿರಿ. ವಿಮ್‌ನಲ್ಲಾದರೆ ಎರಡು ಅಡ್ಡಗೆರೆ ಮತ್ತು ಕ್ಲೀನ್ ಎಂಬ ಪದ ಸೇರಿಸಿ ತೆಗೆದರೆ ಪ್ಲಗಿನ್ ಇಲ್ಲದ ವಿಮ್ ಬರುತ್ತದೆ.

ಅಭ್ಯಾಸ

ಅ) ನಿಮ್ಮ ಎಕ್ಸ್‌ಟೆನ್ಷನ್‌ಗಳ ಪಟ್ಟಿ ತೆಗೆಯಿರಿ. ಪ್ರತಿಯೊಂದರ ಮುಂದೆ ಅದರ ಕೆಲಸವನ್ನು ಒಂದು ಸಾಲಿನಲ್ಲಿ ಕನ್ನಡದಲ್ಲಿ ಬರೆಯಿರಿ. ಬರೆಯಲಾಗದ್ದನ್ನು ತೆಗೆದುಹಾಕಿ.

ಆ) ಒಂದು ಎಕ್ಸ್‌ಟೆನ್ಷನ್‌ನ ವಿ.ಎಸ್.ಐ.ಎಕ್ಸ್ ಇಳಿಸಿ, ನೆಟ್ ಆಫ್ ಮಾಡಿ, ಗೆಳೆಯರ ಲ್ಯಾಪ್‌ಟಾಪ್‌ಗೆ ಹಾಕಿ ತೋರಿಸಿರಿ.

ಇ) ಖಾಲಿ ಪ್ರೊಫೈಲ್‌ನಲ್ಲಿ ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರು ಹೆಸರನ್ನು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸುವ ಸಿ ಪ್ರೋಗ್ರಾಮ್ ಬರೆದು ಓಡಿಸಿರಿ. ಶಹಾಪುರ ಮೊದಲು, ಯಾದಗಿರಿ ಕೊನೆಗೆ ಬರಬೇಕು. ಬೇಕಂತಲೇ ಒಂದು ಸೆಮಿಕೋಲನ್ ಅಳಿಸಿ, ಕಂಪೈಲರ್ ಯಾವ ಸಾಲಿನ ಸಂಖ್ಯೆ ಹೇಳುತ್ತದೆ, ನಿಜವಾದ ತಪ್ಪು ಯಾವ ಸಾಲಿನಲ್ಲಿದೆ, ಎರಡನ್ನೂ ಬರೆದಿಡಿ. ಎರಡು ಸಂಖ್ಯೆ ಬೇರೆ ಬೇರೆ ಬಂದರೆ ಯಾಕೆ ಅಂತ ಯೋಚಿಸಿರಿ.