ಬಲೂನಿನಲ್ಲಿ ಹಿಡಿಸದ ಮಾತು

ವೆಬ್‌ಕಾಮಿಕ್ ಮಾಡಬೇಕೆಂದಿರುವವರ ಪತ್ರಗಳು ಈ ಸಲ ಹೆಚ್ಚು. ಒಂದೇ ಬಗೆಯವನ್ನು ಕೂಡಿಸಿ ಐದನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೇನೆ ಸರ್. ವಿಜಯನಗರದ ಕಾಲದ ಒಂದು ಕಥೆ ತಲೆಯಲ್ಲಿದೆ, ಏನಿಲ್ಲವೆಂದರೂ ಮುನ್ನೂರು ಪುಟ. ವಂಶವೃಕ್ಷ, ನಕ್ಷೆ, ಆಯುಧಗಳ ಚಿತ್ರ ಎಲ್ಲ ಸಿದ್ಧ. ಕುದುರೆ ಬರೆಯಲು ಮಾತ್ರ ಬರುವುದಿಲ್ಲ. ಕಲಿತ ಮೇಲೆ ಶುರು ಮಾಡಲೇ? — ಓದುಗ, ಧಾರವಾಡ

ಉತ್ತರ: ಕುದುರೆ ಕಾಯಲಿ. ರ‍್ಯಾಂಡಲ್ ಮನ್ರೋ 2005ರಿಂದ ‘ಎಕ್ಸ್‌ಕೆಸಿಡಿ’ಯನ್ನು ಕಡ್ಡಿಗೊಂಬೆಗಳಲ್ಲೇ ನಡೆಸುತ್ತಿದ್ದಾರೆ, ಜನ ಬರುವುದು ಮಾತಿನ ಮೊನಚಿಗೆ. ನನಗೆ ಆತಂಕವಿರುವುದು ನಿಮ್ಮ ವಂಶವೃಕ್ಷದ ಬಗ್ಗೆ. ಅದನ್ನು ಬರೆಯುತ್ತ ಕೂತರೆ ಕೆಲಸ ಸಾಗಿದಂತೆ ಅನಿಸುತ್ತದೆ, ಪುಟ ಒಂದೂ ಆಗಿರುವುದಿಲ್ಲ. ಮುನ್ನೂರು ಪುಟದೊಳಗಿಂದ ಒಂದು ಘಟನೆ ಎತ್ತಿಕೊಳ್ಳಿ. ಕೋಟೆ ಬಾಗಿಲು ಮುಚ್ಚಿದ ಮೇಲೆ ಬಂದ ಅಪರಿಚಿತನನ್ನು ಒಳಗೆ ಬಿಡಬೇಕೋ ಬೇಡವೋ ಎಂದು ಕಾವಲುಗಾರರಿಬ್ಬರು ಜಗಳವಾಡುತ್ತಾರೆ, ಅಷ್ಟೇ. ಎಂಟು ಪುಟ. ಅಪರಿಚಿತ ನಡೆದೇ ಬರಲಿ, ಕುದುರೆಯ ಗೊಡವೆ ಬೇಡ. ಅದನ್ನು ಕೊನೆ ಮುಟ್ಟಿಸಿದ ಮೇಲೆ ಧಾರಾವಾಹಿಯ ಮಾತು. ಆಗಲೂ ಐದಾರು ಕಂತು ಕೈಯಲ್ಲಿಟ್ಟುಕೊಂಡೇ ಮೊದಲನೆಯದನ್ನು ಹಾಕಿ. ಸೆಮಿಸ್ಟರ್ ಪರೀಕ್ಷೆ, ಜ್ವರ, ಅಕ್ಕನ ಮದುವೆ ಇವು ಯಾವುವೂ ನಿಮ್ಮನ್ನು ಕೇಳಿ ಬರುವುದಿಲ್ಲ.

ಪ್ರಶ್ನೆ: ಟ್ಯಾಬ್ಲೆಟ್ಟಿನಲ್ಲಿ ಚಿತ್ರ ಚೆನ್ನಾಗಿಯೇ ಬರುತ್ತದೆ. ಕನ್ನಡ ಟೈಪ್ ಮಾಡಿದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಪಕ್ಕದಲ್ಲಿ ಕೂರುತ್ತವೆ. ಹೇಗೋ ಸರಿಮಾಡಿದರೆ ಮಾತು ಬಲೂನಿನಲ್ಲಿ ಹಿಡಿಸುವುದಿಲ್ಲ. ಇಂಗ್ಲಿಷಿನಲ್ಲೇ ಮಾಡುವುದು ವಾಸಿ ಅಲ್ಲವೇ? — ಓದುಗರು, ಕಲಬುರಗಿ

ಉತ್ತರ: ಅಲ್ಲ. ಎರಡು ಬೇರೆ ಬೇರೆ ತೊಂದರೆಗಳನ್ನು ನೀವು ಒಂದೇ ಮಾಡಿಕೊಂಡಿದ್ದೀರಿ.

ಒತ್ತು ಬಿಡಿಯಾಗುವುದು ತಂತ್ರಾಂಶದ ದೋಷ. ಚಿತ್ರ ಬರೆಯುವ ಎಷ್ಟೋ ಆ್ಯಪ್‌ಗಳಿಗೆ ಭಾರತೀಯ ಲಿಪಿಗಳ ಅಕ್ಷರ ಜೋಡಿಸಲು ಬರುವುದಿಲ್ಲ. ಫೋಟೊಶಾಪ್‌ನ ಹಳೆಯ ಆವೃತ್ತಿ ಇದ್ದರೆ ಪ್ರಿಫರೆನ್ಸಸ್‌ನ ಟೈಪ್ ವಿಭಾಗಕ್ಕೆ ಹೋಗಿ ‘ವರ್ಲ್ಡ್-ರೆಡಿ ಲೇಔಟ್’ ಆರಿಸಿ. ಕಾಸು ಕೊಡುವುದು ಬೇಡವೆಂದರೆ ಚಿತ್ರ ಎಲ್ಲಿ ಬೇಕಾದರೂ ಬರೆಯಿರಿ, ಮಾತನ್ನು ಮಾತ್ರ ಕಂಪ್ಯೂಟರಿನಲ್ಲಿ ಇಂಕ್‌ಸ್ಕೇಪ್‌ನಲ್ಲಿ ಹಾಕಿ. ಹಳೆಯ ನುಡಿ ಅಕ್ಷರಗಳನ್ನು ಬಿಟ್ಟು ಯೂನಿಕೋಡ್‌ಗೆ ಬನ್ನಿ. ನೋಟೊ ಸ್ಯಾನ್ಸ್ ಕನ್ನಡ, ಬಲೂ ತಮ್ಮ ಎರಡೂ ಮುಕ್ತ ಪರವಾನಗಿಯವು. ನಾಳೆ ಪುಸ್ತಕ ಅಚ್ಚು ಹಾಕಿದರೂ ಫಾಂಟಿನ ಹಣ ಕೊಡಿ ಎಂದು ಯಾರೂ ಬರುವುದಿಲ್ಲ. ಬಲೂ ತಮ್ಮದ ದುಂಡಗಿನ ದಪ್ಪ ಅಕ್ಷರ ತಮಾಷೆಗೆ ಒಪ್ಪುತ್ತದೆ, ಸಾವಿನ ಮನೆಯ ದೃಶ್ಯಕ್ಕೆ ಒಪ್ಪುವುದಿಲ್ಲ.

ಹಿಡಿಸದಿರುವುದಕ್ಕೆ ಕಾರಣ ಕ್ರಮ. ಹೆಚ್ಚಿನವರು ಚಿತ್ರ ಮುಗಿಸಿ, ಉಳಿದ ಮೂಲೆಯಲ್ಲಿ ಬಲೂನು ಎಳೆದು, ಆಮೇಲೆ ಮಾತು ತುರುಕುತ್ತಾರೆ. ತಿರುವುಮುರುವು ಮಾಡಿ ನೋಡಿ: ಮೊದಲು ಮಾತು, ಅದರ ಸುತ್ತ ಬಲೂನು, ಉಳಿದ ಜಾಗದಲ್ಲಿ ಚಿತ್ರ. ಸಾಲುಗಳ ನಡುವೆ ಇಂಗ್ಲಿಷಿಗೆ ಬಿಡುವಷ್ಟೇ ಜಾಗ ಬಿಟ್ಟರೆ ಸಾಲದು. ‘ರಾಷ್ಟ್ರ’ದ ಒತ್ತುಗಳು ಕೆಳಗೆ ಇಳಿಯುತ್ತವೆ, ಕೆಳಸಾಲಿನ ‘ನೀನು’ವಿನ ಗುಡಿಸು ಮೇಲೇಳುತ್ತದೆ, ಎರಡೂ ಡಿಕ್ಕಿ ಹೊಡೆಯುತ್ತವೆ. ಅಕ್ಷರದ ಅಳತೆಯ ಒಂದೂವರೆ ಪಟ್ಟು ಅಂತರ ಕೊಡಿ. ನಮ್ಮ ಪದಗಳು ಉದ್ದ, ಆದ್ದರಿಂದ ಬಲೂನು ಎತ್ತರವಾಗುವುದಕ್ಕಿಂತ ಅಗಲವಾಗಲಿ. ಪದವನ್ನು ನಡುವೆ ಮುರಿದು ಅಡ್ಡಗೆರೆ ಹಾಕಬೇಡಿ, ಓಟವೇ ನಿಂತುಬಿಡುತ್ತದೆ. ‘ಬಂದುಬಿಟ್ಟಿದ್ದಾನಲ್ಲ’ ಹಿಡಿಸದಿದ್ದರೆ ‘ಬಂದೇ ಬಿಟ್ಟ!’ ಎನ್ನಿ.

ಇಲ್ಲಿ ನಿಮ್ಮ ಊರಿನ ಭಾಷೆಯೇ ಕೈಹಿಡಿಯುತ್ತದೆ. ‘ನೀನು ಎಲ್ಲಿಗೆ ಹೊರಟಿರುವೆ?’ ಎಂಬುದು ಮೂರು ಸಾಲು ತಿನ್ನುತ್ತದೆ, ಜೊತೆಗೆ ಯಾರೂ ಹಾಗೆ ಕೇಳುವುದಿಲ್ಲ. ‘ಎಲ್ಲಿಗ್ ಹೊಂಟಿ?’ ಒಂದೇ ಸಾಲು. ಪುಸ್ತಕದ ಭಾಷೆ ಬರೆದು ಜಾಗವಿಲ್ಲ ಎನ್ನುವವರ ಮೇಲೆ ನನಗೆ ಕನಿಕರ ಕಡಿಮೆ.

ಇನ್ನೊಂದು: ಮಾತನ್ನು ಚಿತ್ರದೊಂದಿಗೆ ಬೆರೆಸಿಬಿಡಬೇಡಿ, ಬೇರೆ ಪದರದಲ್ಲಿಡಿ. ಫ್ರಾನ್ಸಿನ ಡೇವಿಡ್ ರೆವೊಯ್ 2014ರಲ್ಲಿ ಶುರುಮಾಡಿದ ‘ಪೆಪ್ಪರ್ ಅಂಡ್ ಕ್ಯಾರಟ್’ ಹತ್ತಾರು ಭಾಷೆಗಳಲ್ಲಿ ಓಡಾಡುತ್ತಿದೆ. ಮಾತಿನ ಫೈಲು ಪ್ರತ್ಯೇಕವಾಗಿ ಸಿಗುವುದರಿಂದಲೇ ಆಸಕ್ತರು ಕೂತು ಅನುವಾದಿಸಲು ಸಾಧ್ಯವಾಯಿತು.

ಪ್ರಶ್ನೆ: ಇನ್‌ಸ್ಟಾಗ್ರಾಮ್, ವೆಬ್‌ಟೂನ್, ಸ್ವಂತ ವೆಬ್‌ಸೈಟ್, ಎಲ್ಲಿ ಹಾಕುವುದು? ದುಡ್ಡು ಬರುತ್ತದೆಯೇ? — ಓದುಗರು, ಸಾಗರ

ಉತ್ತರ: ಜನ ಇರುವುದು ಮೊದಲೆರಡರಲ್ಲಿ, ನಿಮ್ಮ ಹಿಡಿತ ಇರುವುದು ಮೂರನೆಯದರಲ್ಲಿ. ಸ್ಮ್ಯಾಕ್ ಜೀವ್ಸ್ ಎಂಬ ತಾಣದಲ್ಲಿ ಸಾವಿರಾರು ಕಾಮಿಕ್‌ಗಳಿದ್ದವು. 2020ರ ಕೊನೆಗೆ ಅದು ಬಾಗಿಲು ಹಾಕಿತು. ಹೀಗಾಗಿ ಕಂತು ಮೊದಲು ನಿಮ್ಮ ಸೈಟಿಗೆ, ಆಮೇಲೆ ಬೇರೆಡೆಗೆ.

ಅಳತೆಯ ವಿಷಯ ಮಾತ್ರ ಇವತ್ತೇ ತೀರ್ಮಾನಿಸಿ. ಮೊಬೈಲಿನಲ್ಲಿ ಕೆಳಕ್ಕೆ ಸರಿಸುತ್ತ ಓದುವ ಕೊರಿಯಾ ಮಾದರಿಗೆ 800 ಪಿಕ್ಸೆಲ್ ಅಗಲ ಸಾಕು. ಆದರೆ ಅಚ್ಚಿಗೆ ಇಂಚಿಗೆ 300 ಪಿಕ್ಸೆಲ್ ಬೇಕು. ನಿಮ್ಮ 800 ಅಲ್ಲಿ ಎರಡೂಮುಕ್ಕಾಲು ಇಂಚೂ ಆಗುವುದಿಲ್ಲ, ಬೆಂಕಿಪೊಟ್ಟಣಕ್ಕೆ ಅಂಟಿಸಬಹುದು. 2400ರಲ್ಲಿ ಬರೆದು, ವೆಬ್‌ಗೆ ಕುಗ್ಗಿಸಿ ಹಾಕಿ. ಕುಗ್ಗಿಸಿದ ಮೇಲೆ ಫೋನಿನಲ್ಲೇ ಓದಿ ನೋಡಿ, ಒತ್ತುಗಳು ಮಸಿಯ ಚುಕ್ಕೆಯಾಗಿದ್ದರೆ ಅಕ್ಷರ ದೊಡ್ಡದು ಮಾಡಿ.

ದುಡ್ಡು ನಿಧಾನ. ರಿಚ್ ಬರ್ಲ್ಯೂ 2012ರಲ್ಲಿ ತಮ್ಮ ವೆಬ್‌ಕಾಮಿಕ್ ‘ದಿ ಆರ್ಡರ್ ಆಫ್ ದಿ ಸ್ಟಿಕ್’ ಪುಸ್ತಕಗಳ ಮರುಮುದ್ರಣಕ್ಕೆ ಕಿಕ್‌ಸ್ಟಾರ್ಟರ್‌ನಲ್ಲಿ ಹನ್ನೆರಡೂವರೆ ಲಕ್ಷ ಡಾಲರಿಗೂ ಹೆಚ್ಚು ಕೂಡಿಸಿದರು. ಅದನ್ನು ಎಲ್ಲರೂ ಹೇಳುತ್ತಾರೆ. 2003ರಿಂದ ಅವರು ಆ ಕಾಮಿಕ್ಕನ್ನು ಬಿಟ್ಟಿಯಾಗಿ ಓದಿಸುತ್ತ ಬಂದಿದ್ದರು ಎಂಬುದನ್ನು ಬಿಟ್ಟುಬಿಡುತ್ತಾರೆ. ವಿದೇಶಿ ತಾಣಗಳ ಮಾಸಿಕ ಚಂದಾ ನಮ್ಮ ಓದುಗರಿಗೆ ತಲೆನೋವು: 2021ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದಾಗ ಕಾರ್ಡಿನಿಂದ ತಾನಾಗಿ ಕಡಿತವಾಗುವ ಎಷ್ಟೋ ಪಾವತಿಗಳು ನಿಂತವು. ಪುಟದ ಕೆಳಗೊಂದು ಯುಪಿಐ ಕ್ಯೂಆರ್ ಹಾಕಿ, ಎಂಟು ಪುಟದ ಕಿರುಪುಸ್ತಕ ಮಾಡಿ ಪುಸ್ತಕ ಮೇಳದಲ್ಲಿ ಮಾರಿ.

ಪ್ರಶ್ನೆ: ಕಿಂದರಿಜೋಗಿಯನ್ನು ಕಾಮಿಕ್ ಮಾಡಬಹುದೇ? ಎಲ್ಲರಿಗೂ ಗೊತ್ತಿರುವ ಕಥೆಯಲ್ಲವೇ? — ಶಿಕ್ಷಕಿ, ತೀರ್ಥಹಳ್ಳಿ

ಉತ್ತರ: ಯಾವ ಕಿಂದರಿಜೋಗಿ ಎಂಬುದರ ಮೇಲಿದೆ, ಮೇಡಂ. ಹ್ಯಾಮೆಲಿನ್ ಊರಿನ ಇಲಿಗಳ ಐತಿಹ್ಯ ಯಾರ ಆಸ್ತಿಯೂ ಅಲ್ಲ. ಅದನ್ನು ಪದ್ಯ ಮಾಡಿದ ಬ್ರೌನಿಂಗ್ ತೀರಿಕೊಂಡದ್ದು 1889ರಲ್ಲಿ. ಕನ್ನಡ ಪದ್ಯದ ಬೊಮ್ಮನಹಳ್ಳಿ ಮತ್ತು ಅದರ ಸಾಲುಗಳು ಮಾತ್ರ ಕುವೆಂಪು ಅವರವು. ನಮ್ಮಲ್ಲಿ ಲೇಖಕರು ತೀರಿಕೊಂಡ ವರ್ಷದ ನಂತರ 60 ವರ್ಷ ಹಕ್ಕು ಉಳಿಯುತ್ತದೆ. ಕುವೆಂಪು ಹೋದದ್ದು 1994ರಲ್ಲಿ, ಎಂದರೆ 2054 ಮುಗಿಯುವವರೆಗೆ ಅನುಮತಿ ಬೇಕು. ಕಾಯಲಾಗದಿದ್ದರೆ ಪಂಜೆ ಮಂಗೇಶರಾಯರ ಮಕ್ಕಳ ಕಥೆಗಳಿವೆ. ಅವರು ತೀರಿಕೊಂಡದ್ದು 1937ರಲ್ಲಿ. ಈಚಿನ ಮುದ್ರಣಗಳಲ್ಲಿರುವ ಚಿತ್ರಗಳನ್ನು ನಕಲು ಮಾಡಬೇಡಿ, ಅವುಗಳ ಹಕ್ಕು ಬೇರೆ.

ಪ್ರಶ್ನೆ: ಒಂದು ಕಂಪನಿ ನನ್ನ ಕಾಮಿಕ್ ಕೇಳಿದೆ. ಒಪ್ಪಂದದಲ್ಲಿ ‘ಎಲ್ಲ ಮಾಧ್ಯಮ, ಎಲ್ಲ ಕಾಲ, ಇಡೀ ಜಗತ್ತು’ ಎಂದಿದೆ. ಸಹಿ ಹಾಕಲೇ? — ಓದುಗ, ಮೈಸೂರು

ಉತ್ತರ: ಹಾಗೆಯೇ ಹಾಕಬೇಡಿ. ನೌಕರಿಯ ಭಾಗವಾಗಿ ಬರೆದದ್ದಲ್ಲದಿದ್ದರೆ ಹಕ್ಕಿನ ಮೊದಲ ಒಡೆಯ ನೀವೇ, ನೋಂದಣಿ ಕಡ್ಡಾಯವಲ್ಲ. 1957ರ ಕಾಯ್ದೆಯ 19ನೇ ಕಲಮಿನಂತೆ ವರ್ಗಾವಣೆ ಲಿಖಿತವಾಗಿರಬೇಕು, ನಿಮ್ಮ ಸಹಿ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಎಂದೇ ಅರ್ಥ. ‘ಎಲ್ಲ ಕಾಲ’ ಎಂದು ಅಲ್ಲಿ ಒತ್ತಿ ಬರೆದಿರುವುದು ಅದಕ್ಕೇ. ಮಾರುವ ಬದಲು ಪರವಾನಗಿ ಕೊಡಿ: ಕನ್ನಡದಲ್ಲಿ, ಡಿಜಿಟಲ್ ರೂಪಕ್ಕೆ ಮಾತ್ರ, ಎರಡು ವರ್ಷ. ಪುಸ್ತಕ, ಅನುವಾದ, ಸಿನಿಮಾ, ಪಾತ್ರಗಳ ಹಕ್ಕು ನಿಮ್ಮಲ್ಲೇ ಇರಲಿ. ತಿದ್ದಿದ ಕರಡನ್ನು ವಕೀಲರಿಗೊಮ್ಮೆ ತೋರಿಸಿ ಕಳುಹಿಸಿ. ಕಂಪನಿಯವರು ‘ಎಲ್ಲರೂ ಇದಕ್ಕೇ ಸಹಿ ಹಾಕಿದ್ದಾರೆ’ ಎನ್ನಬಹುದು. ಎಷ್ಟು ಹಣ ಕೊಡುತ್ತಾರೆಂದು ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ಒಪ್ಪಂದದಲ್ಲೂ ಇಲ್ಲದಿದ್ದರೆ ಮೊದಲು ಅದನ್ನು ಬರೆಸಿಕೊಳ್ಳಿ.