ಈ ಸಲ ಚಾತುರ್ಮಾಸ್ಯ ಬ್ಯಾಡ, ಪುಟ್ಟಿ

ಮಾಳಮಡ್ಡಿ, ಧಾರವಾಡ
ಆಷಾಢ ಶುದ್ಧ ಪಂಚಮಿ

ಪುಟ್ಟಿ,

ನಿನ್ನೆ ನಿಮ್ಮವ್ವ ಫೋನ್ ಮಾಡಿದ್ಲು. ಮುಂದಿನ ವಾರ ಏಕಾದಶಿಗೆ ನಿರ್ಜಲ ಇರತೀಯಂತ, ಮರುದಿವಸದಿಂದ ಶಾಕವ್ರತ ಹಿಡೀತೀಯಂತ. ಆಕಿ ದನಿಯೊಳಗ ಅರ್ಧ ಹೆಮ್ಮಿ, ಅರ್ಧ ಅಂಜಿಕಿ ಇತ್ತು. ನನಗ ಬಂದದ್ದು ಸಿಟ್ಟು. ಅದಕ್ಕ ಈ ಪತ್ರ. ಇದನ್ನ ಪತ್ರಿಕೆಗೂ ಕೊಡಲಿಕತ್ತೇನಿ, ನಿನ್ನ ಹೆಸರು ಹಾಕೂದಿಲ್ಲ. ನಿನ್ನಂಥವರು ಬ್ಯಾರೆ ಮನಿಯೊಳಗೂ ಇದ್ದಾರ.

ಚಾತುರ್ಮಾಸ್ಯದ ವ್ರತ ತಪ್ಪು ಅಂತ ನಾ ಹೇಳೂದಿಲ್ಲ. ನಾನೂ ಮಾಡತೇನಿ. ಮದಲನೇ ತಿಂಗಳು ಕಾಯಿಪಲ್ಲೆ, ಹಣ್ಣು ಬಂದ್. ಹೆಸರಬ್ಯಾಳಿ, ಮೆಣಸು, ಜೀರಗಿ ಮ್ಯಾಲೆ ಅಡಗಿ. ಆಮ್ಯಾಲೆ ಮಸರು, ಆಮ್ಯಾಲೆ ಹಾಲು, ಕಡೀಕ ದ್ವಿದಳ. ನನಗದು ತ್ರಾಸಿಲ್ಲ, ಯಾಕಂದ್ರ ಏಕಾದಶಿ ಮರುದಿವಸ ನಾ ಎರಡು ಸಲ ಅನ್ನ ಹಾಕಿಸಿಕೊಂಡು ಉಣತೇನಿ. ನಿನ್ನ ಲೆಕ್ಕ ಹಂಗಿಲ್ಲ. ಹೋದ ವರ್ಷ ಗ್ಲುಟೆನ್ ಅಂತ ಚಪಾತಿ ಬಿಟ್ಟಿ, ಆಮ್ಯಾಲೆ ಸಕ್ಕರಿ, ಎಣ್ಣಿ, ರಾತ್ರಿ ಊಟ. ಡಾಕ್ಟರು ಆ ಡಯಟ್ ಎಲ್ಲಾ ಕಸಗೊಂಡ್ರು. ಈಗ ಪಂಚಾಂಗ ಕೈಯಾಗ ಹಿಡದಿ. ಡಯಟ್‌ಗೆ ದೇವರ ಹೆಸರಿಟ್ರ ಯಾರೂ ಬ್ಯಾಡ ಅನ್ನೂದಿಲ್ಲ ಅಂತ ನಿನಗ ಗೊತ್ತದ.

ನಮ್ಮ ಸಣ್ಣತ್ಯಾಗೂ ಗೊತ್ತಿತ್ತು. ನಿಮ್ಮವ್ವ ಆಗ ಕೂಸು, ನಾ ಕೆ.ಇ. ಬೋರ್ಡ್ ಸಾಲಿಗೆ ಹೋಗತಿದ್ದೆ. ಸಣ್ಣತ್ಯಾ ಮದಲ ಸೋಮವಾರ ಹಿಡಿದ್ಲು. ಆಮ್ಯಾಲೆ ರಾಯರ ಗುರುವಾರ, ಹಣಮಪ್ಪನ ಶನಿವಾರ. ಏಕಾದಶಿ ಅಂತೂ ಇದ್ದೇ ಇತ್ತು. ಮುಂದ ಉಪ್ಪು ಬಿಟ್ಲು, ತುಪ್ಪ ಬಿಟ್ಲು. ದ್ವಾದಶಿ ದಿವಸ ನಸುಕಿನ್ಯಾಗ ಎದ್ದು ಎಲ್ಲಾರಿಗೂ ಅಡಗಿ ಮಾಡಾಕಿ ಆಕಿನೇ. ಹಯಗ್ರೀವ ಬಡಿಸಿ, ಎಲಿ ಮುಂದ ನಿಂತು, ನಾವು ತುತ್ತು ನುಂಗೂ ತನಕ ಬಾಯಿ ನೋಡತಿದ್ಲು. "ರುಚಿ ಆಗೇದೇನು?" ಅಂತ ಮತ್ತ ಮತ್ತ ಕೇಳತಿದ್ಲು. ತನ್ನ ಎಲಿಯೊಳಗಿನ ಅನ್ನಾನ ಒಂದೊಂದೇ ಅಗಳು ಬಿಡಿಸಿ ಅಂಚಿಗೆ ಸರಿಸಿ, ಎಲಿ ಮಡಚಿ ಎದ್ದುಬಿಡತಿದ್ಲು. ಚೈತ್ರದ ಬಿಸಲಿನ್ಯಾಗೂ ಮೈತುಂಬ ಶಾಲು. ಬಾಚಣಿಕಿ ತುಂಬ ಕೂದಲು.

ಓಣಿ ಹೆಣ್ಣುಮಕ್ಕಳು "ಏನು ನಿಷ್ಠಿ!" ಅಂತ ಆಕಿ ಕಾಲು ಮುಟ್ಟತಿದ್ರು. ಮುಟ್ಟು ನಿಂತಿತ್ತು. ತಿಂಗಳಾ ಮೂರು ದಿನ ಹೊರಗ ಕೂಡೂದು ತಪ್ಪಿ, ವರ್ಷವಿಡೀ ಮಡಿ ಅಡಗಿಗೆ ಆಕಿ ಸಿಗಲಿಕ್ಕೆ ಹತ್ತಿದ್ಲು. ಮನ್ಯಾಗ ಅದನ್ನೂ ಪುಣ್ಯ ಅಂದ್ರು. ಇನ್ನೂ ನಲವತ್ತು ತುಂಬಿದ್ದಿಲ್ಲ, ಬಚ್ಚಲದಾಗ ಕಾಲು ಜಾರಿ ಟೊಂಕದ ಎಲುಬು ಮುರಕೊಂಡ್ಲು. ಎಲುಬು ಹಪ್ಪಳದಂಗ ಆಗ್ಯಾವ ಅಂದ್ರು ಡಾಕ್ಟರು. ಆಮ್ಯಾಲೆ ಆಕಿ ಎದ್ದು ಅಡ್ಡಾಡಲಿಲ್ಲ.

ಈ ಬ್ಯಾನಿಗೆ ಲಂಡನ್ನಿನ ಡಾಕ್ಟರು ವಿಲಿಯಂ ಗಲ್ 1870ರ ದಶಕದಾಗೇ ಅನೊರೆಕ್ಸಿಯಾ ನರ್ವೋಸಾ ಅಂತ ಹೆಸರಿಟ್ಟಿದ್ರು. ನಮ್ಮನಿ ತನಕ ಆ ಹೆಸರು ಬಂದಿದ್ದಿಲ್ಲ. "ನಾ ತೆಳ್ಳಗಾಗಬೇಕು ಅಂತ ಮಾಡೂದಿಲ್ಲ, ಹೊಟ್ಟಿ ಉಬ್ಬರಸತದ" ಅಂತೀಯಲ್ಲ, ಅದೂ ಹೊಸಾದಲ್ಲ. ಹಾಂಗ್‌ಕಾಂಗಿನ ಮನೋವೈದ್ಯ ಸಿಂಗ್ ಲೀ 1990ರ ದಶಕದಾಗ ಬರದಾರ: ಅಲ್ಲಿ ಎಷ್ಟೋ ರೋಗಿಗಳು ದಪ್ಪ ಆಗೂ ಅಂಜಿಕಿ ಹೇಳತಿದ್ದಿಲ್ಲ; ಹೊಟ್ಟಿ ತುಂಬೇದ, ಹಸಿವಿಲ್ಲ ಅಂತಿದ್ರು. ಕಾರಣ ಬ್ಯಾರೆ, ಬ್ಯಾನಿ ಒಂದೇ.

ನಾಲ್ಕು ದಿನ ಬಿಟ್ರ ಏನಾಗತದ ಅಂತ ಕೇಳತಿ. 1944ರ ನವೆಂಬರದಾಗ ಅಮೆರಿಕಾದ ಮಿನೆಸೋಟಾ ವಿಶ್ವವಿದ್ಯಾಲಯದೊಳಗ ಆನ್ಸೆಲ್ ಕೀಸ್ ಅನ್ನೂ ವಿಜ್ಞಾನಿ 36 ಮಂದಿ ಗಟ್ಟಿಮುಟ್ಟು ಹುಡುಗರ ಮ್ಯಾಲೆ ಪ್ರಯೋಗ ಸುರು ಮಾಡಿದ. ಯುದ್ಧಕ್ಕ ಒಲ್ಲೆ ಅಂದು, ತಾವಾಗೇ ಒಪ್ಪಿ ಬಂದವರು. ಮುಂದ ಆರು ತಿಂಗಳು ಅವರ ಊಟ ಸುಮಾರು ಅರ್ಧಕ್ಕ ಇಳಿಸಿದ್ರು. (ಇದರಕಿಂತ ಹೆಚ್ಚಿನ ಅಂಕಿ ಬರೆಯೂದಿಲ್ಲ, ನೀ ಅವನ್ನೇ ಹಿಡಕೊಂಡು ಕೂಡತಿ.) ಹುಡುಗರು ಅಡಗಿ ಪುಸ್ತಕ ಓದಲಿಕ್ಕೆ ಹತ್ತಿದ್ರು, ತಾಟಿನ ಮುಂದ ತಾಸಗಟ್ಟಲೆ ಕೂತ್ರು, ಸಿಡಿಮಿಡಿ ಮಾಡಿದ್ರು, ಗೆಳ್ಯಾರನ್ನ ಬಿಟ್ರು. ಊಟ ಮತ್ತ ಸುರು ಆದಮ್ಯಾಲೂ ಮನಸ್ಸು ಹಾದಿಗೆ ಬರಲಿಕ್ಕೆ ತಿಂಗಳುಗಟ್ಟಲೆ ಹಿಡೀತು. ಅವರಿಗೆ ಮದಲ ಯಾವ ಬ್ಯಾನಿನೂ ಇದ್ದಿಲ್ಲ. ಬರೇ ಹಸಿವಿ ಇಷ್ಟೆಲ್ಲಾ ಮಾಡಿತು. ನೀ ಬ್ಯಾನಿ ಬಿದ್ದು ಎದ್ದಾಕಿ. ನಿನಗ ಒಂದು ಪದಾರ್ಥ ಬಿಡೂದಂದ್ರ ಎರಡನೇದ್ದು ಬಿಡಲಿಕ್ಕೆ ಹಾದಿ. ಅದಿಲ್ಲಂದ್ರ, ತಡಕೊಂಡು ತಡಕೊಂಡು ಒಂದು ರಾತ್ರಿ ಡಬ್ಬಿ ಖಾಲಿ ಮಾಡಿ, ಮರುದಿವಸ ಅದಕ್ಕ ಪ್ರಾಯಶ್ಚಿತ್ತ ಅಂತ ಮತ್ತ ಉಪವಾಸ.

ಶಾಸ್ತ್ರ ಬೇಕೇನು? ಮಹಾಭಾರತದ ಉದ್ಯೋಗಪರ್ವದಾಗ ವ್ರತಭಂಗ ಮಾಡದ ಎಂಟು ಸಂಗತಿ ಹೇಳ್ಯಾರ. ನೀರು, ಹಣ್ಣು, ಹಾಲಿನ ಜೋಡಿ ಗುರುವಿನ ಮಾತು, ಔಷಧ ಎರಡೂ ಆ ಪಟ್ಟಿಯೊಳಗ ಅದಾವ. ನಿನ್ನ ಔಷಧ ಅಂದ್ರ ಅನ್ನ, ತವ್ವಿ, ತುಪ್ಪ. ಡಾಕ್ಟರು ಬರದು ಕೊಟ್ಟಾರ. ಅದನ್ನ ಬಿಟ್ಟು ಯಾವ ದೇವರನ್ನ ಒಲಿಸಿಕೋತಿ? ಮುದ್ರಾಧಾರಣಕ್ಕ ಮಠದಾಗ ಪಾಳಿ ಹಚ್ಚು, ನಾನೂ ಬರತೇನಿ. ಹರಿಕಥಾಮೃತಸಾರ ಓದು. ಏನರ ಬಿಡಲೇಬೇಕಂದ್ರ ಆ ಕ್ಯಾಲರಿ ಎಣಸೂ ಆಪ್ ಬಿಡು, ತೂಕದ ಮಷಿನ್ ನಮ್ಮನಿಗೆ ಕಳಸು.

ಜೋರು ಮಾಡಿದೆ, ಗೊತ್ತದ. ನೀ ಹಟಮಾರಿ ಅಲ್ಲ, ಪುಟ್ಟಿ. ತುತ್ತು ಎತ್ತೂವಾಗ ನಿನ್ನ ಕೈ ನಡಗತದ, ನಾ ನೋಡೇನಿ. ಅಂಜಿಕಿ ಇದ್ದಾಗ ನೇಮ ಹಿಡಕೊಂಡ್ರ ಸಮಾಧಾನ ಆಗತದ. ಹಂಗಿದ್ರ ಊಟದ್ದೇ ನೇಮ ಮಾಡು: ಮೂರು ಊಟ, ನಡುವ ಎರಡು ಮೂರು ಸಲ ತಿನಸು, ಮೂರ್ನಾಲ್ಕು ತಾಸಿಗಿಂತ ಹೆಚ್ಚು ಖಾಲಿ ಹೊಟ್ಟಿ ಇಲ್ಲ. ನಿಮ್ಮವ್ವ ಎದುರಿಗೆ ಕೂಡಲಿ. ಆಕಿ ಪೊಲೀಸ್ ಅಲ್ಲ. ಆಕಿಗೂ ಒಂದು ಮಾತು: ಭಾಳ ದಿನ ಉಪವಾಸ ಬಿದ್ದವರಿಗೆ ಒಮ್ಮೆಲೆ ತುಂಬಿ ತುಂಬಿ ಉಣಿಸಬಾರದು, ರಕ್ತದಾಗ ಫಾಸ್ಫೇಟ್ ಇಳದು ಜೀವಕ್ಕ ಅಪಾಯ. ಎಷ್ಟು ಅನ್ನೂದನ್ನ ಡಾಕ್ಟರು ಹೇಳಲಿ. ಚಕ್ಕರ ಬಂದು ಬಿದ್ರ, ಎದಿ ಡವಡವ ಅಂದ್ರ ನಾಳೆ ನೋಡೂಣ ಅನಬ್ಯಾಡ್ರಿ, ಅವಾಗಿಂದವಾಗ ದವಾಖಾನಿಗೆ ಹೋಗ್ರಿ.

ಮನಸ್ಸಿನ ದವಾಖಾನಿ ಡಿಮ್ಹಾನ್ಸಿಗೆ ತೋರಿಸಿದ್ರ ಮಂದಿ ಏನಂತಾರ ಅಂತ ನಿಮ್ಮವ್ವ ಅಳತಾಳ. 1845ರಿಂದ ಈ ಊರಾಗ ಮನಸ್ಸಿನ ಬ್ಯಾನಿಗೆ ಆಸ್ಪತ್ರಿ ಅದ. ಇಷ್ಟು ವರ್ಷದಾಗ ಎಷ್ಟು ಮನಿ ಮಂದಿ ಆ ಮೆಟ್ಟಲು ಹತ್ಯಾರ, ಮಂದಿಗೆ ಕೇಳು. ನಡುರಾತ್ರಿ ಮನಸ್ಸು ಕೆಟ್ರ ಟೆಲಿಮಾನಸ್ ಸಹಾಯವಾಣಿ 14416ಕ್ಕ ಫೋನ್ ಹಚ್ಚು, ಕನ್ನಡದಾಗೇ ಮಾತಾಡತಾರ.

ನಿರ್ಧಾರ ನಿಂದು. ಆದ್ರ ಈ ವರ್ಷ ಬ್ಯಾಡ. ಬರೂ ವರ್ಷದ್ದು ಡಾಕ್ಟರು ಹೇಳಿದಮ್ಯಾಲೆ ನೋಡೂಣ. ನನ್ನ ಮ್ಯಾಲೆ ಸಿಟ್ಟು ಬಂದಿದ್ರ ರವಿವಾರ ಬಂದು ಜಗಳಾ ಮಾಡು. ಊಟ ಮಾಡಿ ಬಾ. ಖಾಲಿ ಹೊಟ್ಟಿಯವರ ಜೋಡಿ ನಾ ಜಗಳಕ್ಕ ನಿಲ್ಲೂದಿಲ್ಲ.

ನಿನ್ನ,
ಮೌಶಿ