ತೋಟದ ಮನೆಯ ಟಿವಿಗೆ ಮೊಬೈಲ್ ವಿಡಿಯೊ

ಸ್ಮಾರ್ಟ್‌ಫೋನ್‌ನಲ್ಲಿ ನೋಡುವ ಆನ್‌ಲೈನ್ ವಿಡಿಯೊವನ್ನು ತಂತಿಯ ಹಂಗಿಲ್ಲದೆ ಟಿವಿಗೆ ತರಲು ಎರಡು ದಾರಿಗಳಿವೆ. ಒಂದು ಕಾಸ್ಟಿಂಗ್, ಇನ್ನೊಂದು ಸ್ಕ್ರೀನ್ ಮಿರರಿಂಗ್. ಅಂಗಡಿಗಳಲ್ಲಿ ಎರಡಕ್ಕೂ ಒಂದೇ ಹೆಸರು ಹೇಳಿ ಕಳಿಸುವುದುಂಟು, ಫೋನ್ ಕಂಪನಿಗಳೂ ಹೆಸರುಗಳನ್ನು ಬೆರೆಸಿಬಿಟ್ಟಿವೆ. ಕೆಲಸ ಮಾಡುವ ರೀತಿ ಮಾತ್ರ ಪೂರ್ತಿ ಬೇರೆ. ಕಾಸ್ಟ್ ಮಾಡಿದಾಗ ಯಾವ ವಿಡಿಯೊ ಬೇಕು ಎಂಬುದನ್ನಷ್ಟೇ ಫೋನ್ ಟಿವಿಗೆ ತಿಳಿಸುತ್ತದೆ. ಚಿತ್ರವನ್ನೂ ಧ್ವನಿಯನ್ನೂ ಟಿವಿಯೇ ನೇರವಾಗಿ ಇಂಟರ್ನೆಟ್‌ನಿಂದ ಎಳೆದುಕೊಳ್ಳುತ್ತದೆ. ಅಲ್ಲಿಂದಾಚೆ ಫೋನ್ ಬರೀ ರಿಮೋಟ್. ಕರೆ ಬಂದರೆ ಮಾತಾಡಬಹುದು, ಪರದೆ ಆರಿಸಿ ಜೇಬಿಗೆ ಹಾಕಿಕೊಳ್ಳಬಹುದು. ಮಿರರಿಂಗ್‌ನಲ್ಲಿ ಹಾಗಲ್ಲ. ಫೋನ್ ಪರದೆಯ ಮೇಲೆ ಕಾಣುವುದೆಲ್ಲ, ವಾಟ್ಸಾಪ್ ಸಂದೇಶವೂ ಸೇರಿದಂತೆ, ಹಾಗೆಹಾಗೇ ಟಿವಿಯಲ್ಲಿ ಮೂಡುತ್ತದೆ. ಅದು ಮುಗಿಯುವವರೆಗೂ ಫೋನ್ ಎಚ್ಚರವಾಗಿರಬೇಕು, ಬ್ಯಾಟರಿಯೂ ಬೇಗ ಇಳಿಯುತ್ತದೆ.

ಚಿಕ್ಕಮಗಳೂರು ಅಥವಾ ಮೂಡಿಗೆರೆ ಪೇಟೆಯಲ್ಲಿ ಫೈಬರ್ ಸಂಪರ್ಕ ಇರುವ ಮನೆಗೆ ಈ ವ್ಯತ್ಯಾಸ ಅಷ್ಟಾಗಿ ಕಾಡುವುದಿಲ್ಲ. ಕಳಸ, ಸಂಸೆ, ಹೊರನಾಡು, ಬಾಳೂರು ಕಡೆಯ ಗುಡ್ಡದ ಮರೆಯ ತೋಟದ ಮನೆಗಳಲ್ಲಿ ಎಲ್ಲವೂ ಇದರ ಮೇಲೇ ನಿಂತಿರುತ್ತದೆ. ಅಲ್ಲಿ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿಕೊಳ್ಳಬೇಕು. ಮನೆಯೊಳಕ್ಕೆ ಇಂಟರ್ನೆಟ್ ಬರುತ್ತಿರುವುದು ಯಾವ ದಾರಿಯಲ್ಲಿ? ಮನೆಯೊಳಗೆ ಫೋನ್ ಮತ್ತು ಟಿವಿ ಮಾತಾಡಿಕೊಳ್ಳುತ್ತಿರುವುದು ಯಾವ ದಾರಿಯಲ್ಲಿ? ವೈಫೈ ಗುರುತು ಭರ್ತಿ ತೋರಿಸುತ್ತಿದ್ದರೂ ವಿಡಿಯೊ ಸುತ್ತುತ್ತ ನಿಂತಿದ್ದರೆ ತೊಂದರೆ ಹೆಚ್ಚಾಗಿ ಮೊದಲನೆಯದರಲ್ಲಿರುತ್ತದೆ. ಟಿವಿಯ ಹೆಸರೇ ಫೋನ್‌ನಲ್ಲಿ ಕಾಣದಿದ್ದರೆ ತೊಂದರೆ ಎರಡನೆಯದರಲ್ಲಿ.

ಮಲೆನಾಡಿನ ಚದುರಿದ ಮನೆಗಳಿಗೆ ಕೇಬಲ್ ಟಿವಿ ಎಳೆಯುವುದು ಕಷ್ಟವಾದ್ದರಿಂದ ಇಲ್ಲಿ ಡಿಶ್‌ಗಳದೇ ರಾಜ್ಯ. ಡಿಟಿಎಚ್ ಬಳಸುವ ಕೆಯು ಬ್ಯಾಂಡ್ ಅಲೆಗಳನ್ನು ಜೋರು ಮಳೆಯ ಹನಿಗಳು ಹೀರಿಕೊಳ್ಳುತ್ತವೆ. ಹಾಗಾಗಿ ಆಷಾಢದ ಸಂಜೆಗಳಲ್ಲಿ, ಮನೆಯವರೆಲ್ಲ ಒಳಗೇ ಕೂತಿರುವ ಹೊತ್ತಿಗೆ ಸರಿಯಾಗಿ, ಟಿವಿಯಲ್ಲಿ 'ಸಿಗ್ನಲ್ ಇಲ್ಲ' ಎಂಬ ಬರಹ. ಫೈಬರ್‌ನಲ್ಲಿ ಬರುವ ಇಂಟರ್ನೆಟ್‌ಗೆ ಮಳೆಹನಿಯ ಈ ಕಾಟ ಇಲ್ಲ. ತಂತಿಯ ಮೇಲೆ ಮರ ಬಿದ್ದರೆ ಅದರ ಕಥೆಯೂ ಅಷ್ಟೇ, ಆ ಮಾತು ಬೇರೆ. ಚಂದನ ವಾಹಿನಿಯ 'ಥಟ್ ಅಂತ ಹೇಳಿ'ಯಂಥ ಕಾರ್ಯಕ್ರಮಗಳು ಯೂಟ್ಯೂಬ್‌ನಲ್ಲಿವೆ. 2024ರ ನವೆಂಬರ್‌ನಲ್ಲಿ ಪ್ರಸಾರ ಭಾರತಿ ಶುರುಮಾಡಿದ ವೇವ್ಸ್ ಆ್ಯಪ್‌ನಲ್ಲಿ ದೂರದರ್ಶನದ ವಾಹಿನಿಗಳು ನೇರವಾಗಿಯೂ ಸಿಗುತ್ತವೆ.

ಟಿವಿ ಯಾವುದು, ಅದಕ್ಕೆ ಏನು ಬೇಕು

ಗೂಗಲ್ ಟಿವಿ ಅಥವಾ ಆಂಡ್ರಾಯ್ಡ್ ಟಿವಿ ಎಂದು ಬರೆದಿರುವ ಟಿವಿಗಳಲ್ಲಿ ಕಾಸ್ಟ್ ಸೌಲಭ್ಯ ಒಳಗೇ ಇರುತ್ತದೆ. ಸ್ಯಾಮ್‌ಸಂಗ್, ಎಲ್‌ಜಿ ಕಂಪನಿಗಳ ಸ್ಮಾರ್ಟ್ ಟಿವಿಗಳಲ್ಲಿ ಅವರದೇ ವ್ಯವಸ್ಥೆ ಇದ್ದರೂ ಯೂಟ್ಯೂಬ್ ಕಾಸ್ಟ್ ಮಾಡಲು ಅಡ್ಡಿಯಿಲ್ಲ. ಸ್ಮಾರ್ಟ್ ಅಲ್ಲದ ಎಲ್‌ಇಡಿ ಟಿವಿಯ ಹಿಂಭಾಗದಲ್ಲಿ ಎಚ್‌ಡಿಎಂಐ ಕಿಂಡಿ ಇದ್ದರೆ ಸಾಕು, ಒಂದು ಸ್ಟಿಕ್ ಕೊಂಡು ಸಿಕ್ಕಿಸಬಹುದು. ಈ ಬಗೆಯ ಸಾಧನವನ್ನು ಮನೆಮಾತಾಗಿಸಿದ್ದು 2013ರಲ್ಲಿ ಗೂಗಲ್ ತಂದ ಕ್ರೋಮ್‌ಕಾಸ್ಟ್. 2024ರ ಆಗಸ್ಟ್‌ನಲ್ಲಿ ಅದರ ತಯಾರಿಕೆ ನಿಲ್ಲಿಸುವುದಾಗಿ ಕಂಪನಿ ಹೇಳಿತು. ಮನೆಯಲ್ಲಿರುವ ಹಳೆಯದನ್ನು ಬಳಸಲು ತೊಂದರೆಯಿಲ್ಲ, ಹೊಸದಾಗಿ ಹುಡುಕಿಕೊಂಡು ಹೋಗಬೇಕಿಲ್ಲ ಅಷ್ಟೆ. ಅಮೆಜಾನ್ ಫೈರ್ ಟಿವಿ ಸ್ಟಿಕ್ ಅಥವಾ ಗೂಗಲ್ ಟಿವಿ ತಂತ್ರಾಂಶದ ಯಾವುದಾದರೂ ಪೆಟ್ಟಿಗೆ ಸಾಕು.

ಸ್ಟಿಕ್‌ಗೆ ಕರೆಂಟ್ ಎಲ್ಲಿಂದ ಕೊಡಬೇಕು ಎನ್ನುವುದು ಸಣ್ಣ ವಿಷಯದಂತೆ ಕಂಡರೂ ಅರ್ಧ ದೂರುಗಳು ಅಲ್ಲೇ ಹುಟ್ಟುತ್ತವೆ. ಹಳೆಯ ಟಿವಿಗಳ ಯುಎಸ್‌ಬಿ ಕಿಂಡಿ ಸಾಮಾನ್ಯವಾಗಿ 0.5 ಆಂಪಿಯರ್ ಮಾತ್ರ ಕೊಡುತ್ತದೆ. ಅದು ಸಾಲದೆ ಸ್ಟಿಕ್ ತಾನಾಗಿಯೇ ಆರಿ ಹತ್ತುತ್ತಿರುತ್ತದೆ. ಜೊತೆಗೆ ಬಂದಿರುವ ಅಡಾಪ್ಟರನ್ನು ಗೋಡೆಯ ಪ್ಲಗ್‌ಗೆ ಹಾಕುವುದೇ ಸರಿ.

ಕಾಸ್ಟ್ ಮಾಡುವ ಕ್ರಮ

ಮೊದಲು ಟಿವಿಯ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಎಂಬಲ್ಲಿಗೆ ಹೋಗಿ ಮನೆಯ ವೈಫೈ ಹೆಸರು ಆರಿಸಿ ಪಾಸ್‌ವರ್ಡ್ ಕೊಡಬೇಕು. ರಿಮೋಟಿಲ್ಲದ ಹಳೆಯ ಕ್ರೋಮ್‌ಕಾಸ್ಟ್ ಆದರೆ ಈ ಕೆಲಸವನ್ನು ಫೋನ್‌ನಲ್ಲಿ ಗೂಗಲ್ ಹೋಮ್ ಆ್ಯಪ್ ಹಾಕಿಕೊಂಡು ಮಾಡಬೇಕಾಗುತ್ತದೆ. ಎರಡನೆಯದಾಗಿ, ಫೋನನ್ನೂ ಅದೇ ವೈಫೈಗೆ ಸೇರಿಸಬೇಕು. ಇದರಲ್ಲೇ ಹೆಚ್ಚಿನವರು ಎಡವುವುದು. ರೂಟರ್ ದೂರವಿದ್ದಾಗ ಫೋನ್ ಸದ್ದಿಲ್ಲದೆ ಮೊಬೈಲ್ ಡೇಟಾಗೆ ಜಾರಿರುತ್ತದೆ. ವಿಡಿಯೊ ಫೋನ್‌ನಲ್ಲಿ ಓಡುತ್ತಲೇ ಇರುವುದರಿಂದ ಗೊತ್ತಾಗುವುದಿಲ್ಲ.

ಆಮೇಲೆ ಯೂಟ್ಯೂಬ್ ತೆರೆದು ಬೇಕಾದ ವಿಡಿಯೊ ಹಾಕಿದರೆ ಮೇಲ್ಭಾಗದಲ್ಲಿ ಒಂದು ಚಿಕ್ಕ ಗುರುತು ಕಾಣುತ್ತದೆ: ಒಂದು ಆಯತ, ಅದರ ಎಡಗಡೆ ಕೆಳಮೂಲೆಯಲ್ಲಿ ವೈಫೈ ಅಲೆಯಂಥ ಮೂರು ಗೆರೆ. ಅದನ್ನು ಒತ್ತಿದರೆ ಟಿವಿಯ ಹೆಸರು ಬರುತ್ತದೆ. ಹೆಸರು ಮುಟ್ಟಿದ ಕೆಲವು ಕ್ಷಣಗಳಲ್ಲಿ ಚಿತ್ರ ದೊಡ್ಡ ಪರದೆಗೆ ಹೋಗುತ್ತದೆ. ನಿಲ್ಲಿಸಲು ಮತ್ತೆ ಅದೇ ಗುರುತು ಒತ್ತಿ ಡಿಸ್‌ಕನೆಕ್ಟ್ ಆರಿಸಬೇಕು. ಗುರುತು ಕಾಣದೇ ಇದ್ದರೆ ಆ್ಯಪ್‌ಗೆ ಅನುಮತಿ ಇಲ್ಲದಿರಬಹುದು. ಐಫೋನ್‌ನಲ್ಲಿ 'ಲೋಕಲ್ ನೆಟ್‌ವರ್ಕ್', ಹೊಸ ಆಂಡ್ರಾಯ್ಡ್‌ಗಳಲ್ಲಿ 'ನಿಯರ್‌ಬೈ ಡಿವೈಸಸ್' ಅನುಮತಿ ಕೊಟ್ಟು ನೋಡಬೇಕು.

ಎಲ್ಲ ಆ್ಯಪ್‌ಗಳೂ ಯೂಟ್ಯೂಬ್‌ನಷ್ಟು ಉದಾರಿಗಳಲ್ಲ. ನೆಟ್‌ಫ್ಲಿಕ್ಸ್ 2019ರಲ್ಲೇ ಆಪಲ್‌ನ ಏರ್‌ಪ್ಲೇ ಬೆಂಬಲ ಕೈಬಿಟ್ಟಿತು. 2025ರ ಕೊನೆಯಲ್ಲಿ, ಸ್ವಂತ ರಿಮೋಟ್ ಇರುವ ಹೆಚ್ಚಿನ ಟಿವಿ ಮತ್ತು ಸ್ಟಿಕ್‌ಗಳಿಗೆ ಫೋನ್‌ನಿಂದ ಕಾಸ್ಟ್ ಮಾಡುವುದನ್ನೂ ನಿಲ್ಲಿಸಿತು. ಅಂಥ ಕಡೆ ಟಿವಿಯೊಳಗಿನ ನೆಟ್‌ಫ್ಲಿಕ್ಸ್ ಆ್ಯಪ್ ತೆರೆದು ರಿಮೋಟ್‌ನಿಂದ ನೋಡುವುದಷ್ಟೇ ದಾರಿ.

ಕಿಟಕಿಯಲ್ಲಿ ಮಾತ್ರ ಸಿಗ್ನಲ್ ಇರುವ ಮನೆ

ಭದ್ರಾ ಕಣಿವೆಯ ಎಷ್ಟೋ ಮನೆಗಳಲ್ಲಿ ಫೈಬರ್ ಬಂದಿಲ್ಲ. ಮೊಬೈಲ್ ಸಿಗ್ನಲ್ ಕೂಡ ಅಂಗಳದ ಒಂದು ಮೂಲೆಯಲ್ಲೋ ಮಹಡಿಯ ಒಂದು ಕಿಟಕಿಯಲ್ಲೋ ಮಾತ್ರ ಸಿಗುತ್ತದೆ. ಟಿವಿ ಇರುವುದು ಪಡಸಾಲೆಯಲ್ಲಿ. ಫೋನ್ ಕೈಯಲ್ಲಿ ಹಿಡಿದು ಟಿವಿ ಮುಂದೆ ಕೂತರೆ ನೆಟ್ ಇಲ್ಲ, ಕಿಟಕಿಗೆ ಹೋದರೆ ಟಿವಿ ಇಲ್ಲ.

ಇದಕ್ಕೆ ಪರಿಹಾರ ಎರಡು ಫೋನ್‌ಗಳ ವ್ಯವಸ್ಥೆ. ಸಿಗ್ನಲ್ ಸಿಗುವ ಕಿಟಕಿಯಲ್ಲಿ ಒಂದು ಫೋನನ್ನು ಚಾರ್ಜರ್ ಹಾಕಿ ಇಟ್ಟು ಹಾಟ್‌ಸ್ಪಾಟ್ ಆನ್ ಮಾಡಬೇಕು. ಹಾಟ್‌ಸ್ಪಾಟ್ ಸೆಟ್ಟಿಂಗ್ಸ್‌ನಲ್ಲಿ ಬ್ಯಾಂಡ್ 2.4 ಗಿಗಾಹರ್ಟ್ಸ್ ಆರಿಸಬೇಕು; 5 ಗಿಗಾಹರ್ಟ್ಸ್ ವೇಗ ಹೆಚ್ಚು ಕೊಟ್ಟರೂ ಗೋಡೆ ದಾಟುವುದರಲ್ಲಿ ಹಿಂದೆ. ಐಫೋನ್‌ನಲ್ಲಿ ಇದಕ್ಕೆ 'ಮ್ಯಾಕ್ಸಿಮೈಜ್ ಕಂಪ್ಯಾಟಿಬಿಲಿಟಿ' ಎಂಬ ಗುಂಡಿ ಇದೆ. ಯಾರೂ ಬಳಸದಿದ್ದಾಗ ಹಾಟ್‌ಸ್ಪಾಟ್ ತಾನೇ ಆರಿಹೋಗುವ ಆಯ್ಕೆಯನ್ನೂ ತೆಗೆದುಹಾಕಬೇಕು, ಇಲ್ಲದಿದ್ದರೆ ಪದೇಪದೇ ಮಹಡಿ ಹತ್ತುವ ಕೆಲಸ ತಪ್ಪುವುದಿಲ್ಲ. ಈಗ ಟಿವಿಯನ್ನೂ ಎರಡನೇ ಫೋನನ್ನೂ ಈ ಹಾಟ್‌ಸ್ಪಾಟ್‌ಗೆ ಸೇರಿಸಿ, ಎರಡನೇ ಫೋನ್‌ನಿಂದ ಮೇಲೆ ಹೇಳಿದಂತೆ ಕಾಸ್ಟ್ ಮಾಡಬೇಕು.

ಮನೆಯಲ್ಲಿರುವುದು ಒಂದೇ ಫೋನ್ ಎಂದಾದರೆ? ಹಾಟ್‌ಸ್ಪಾಟ್ ಕೊಡುತ್ತಿರುವ ಫೋನಿನಿಂದಲೇ ಕಾಸ್ಟ್ ಮಾಡುವುದು ಕೆಲವು ಮಾದರಿಗಳಲ್ಲಿ ಆಗುತ್ತದೆ, ಕೆಲವದರಲ್ಲಿ ಆಗುವುದಿಲ್ಲ. ಅದನ್ನು ನೆಚ್ಚಿಕೊಳ್ಳುವುದಕ್ಕಿಂತ ಕೋಡ್ ಮೂಲಕ ಜೋಡಿಸುವುದು ಒಳ್ಳೆಯದು. ಟಿವಿಯ ಯೂಟ್ಯೂಬ್ ಸೆಟ್ಟಿಂಗ್ಸ್‌ನಲ್ಲಿ 'ಲಿಂಕ್ ವಿತ್ ಟಿವಿ ಕೋಡ್' ಎಂಬಲ್ಲಿ ಅಂಕಿಗಳ ಸಾಲೊಂದು ಬರುತ್ತದೆ. ಫೋನ್‌ನ ಯೂಟ್ಯೂಬ್ ಸೆಟ್ಟಿಂಗ್ಸ್‌ನಲ್ಲಿ 'ವಾಚ್ ಆನ್ ಟಿವಿ' ಆರಿಸಿ ಅದನ್ನು ಒತ್ತಿದರೆ ಎರಡೂ ಕೂಡಿಕೊಳ್ಳುತ್ತವೆ. ಇದಕ್ಕೆ ಎರಡೂ ಒಂದೇ ವೈಫೈನಲ್ಲಿ ಇರಲೇಬೇಕೆಂಬ ನಿಯಮವಿಲ್ಲ. ಎರಡಕ್ಕೂ ಹೇಗೋ ಇಂಟರ್ನೆಟ್ ಇದ್ದರಾಯಿತು.

ಡೇಟಾ ಲೆಕ್ಕ ಮಾತ್ರ ಮರೆಯಬಾರದು. ನೆಟ್‌ಫ್ಲಿಕ್ಸ್ ಕೊಡುವ ಅಂದಾಜಿನಂತೆ ಸಾಧಾರಣ ಗುಣಮಟ್ಟಕ್ಕೆ ಗಂಟೆಗೆ 1 ಜಿಬಿವರೆಗೆ, ಎಚ್‌ಡಿಗೆ 3 ಜಿಬಿವರೆಗೆ, 4ಕೆಗೆ 7 ಜಿಬಿವರೆಗೆ ಬೇಕು. ದಿನಕ್ಕೆ 2 ಜಿಬಿ ಪ್ಯಾಕ್ ಹಾಕಿಸಿಕೊಂಡವರ ಡೇಟಾ ಈ ಲೆಕ್ಕದ ಎಚ್‌ಡಿಯಲ್ಲಿ 40 ನಿಮಿಷಕ್ಕೆ ಬರಿದಾಗಬಹುದು. ಫೋನ್‌ನಲ್ಲಿ ಡೇಟಾ ಸೇವರ್ ಹಾಕಿದ್ದೇವೆ ಎಂದು ನೆಮ್ಮದಿಯಿಂದ ಇರುವವರಿಗೆ ಒಂದು ಎಚ್ಚರಿಕೆ: ಕಾಸ್ಟ್ ಮಾಡಿದಾಗ ವಿಡಿಯೊ ಎಳೆಯುವುದು ಟಿವಿ. ದೊಡ್ಡ ಪರದೆ ಕಂಡು ಅದು ದೊಡ್ಡ ಚಿತ್ರವನ್ನೇ ಕೇಳುತ್ತದೆ. ಟಿವಿಯಲ್ಲೇ ವಿಡಿಯೊದ ಸೆಟ್ಟಿಂಗ್ಸ್ ತೆರೆದು 480ಪಿ ಎಂದು ಇಳಿಸಬೇಕು. ಕಾಫಿ ಗಿಡದ ಕಸಿ ಮಾಡುವುದನ್ನೋ ಬಿಳಿ ಕಾಂಡಕೊರಕ ಹತ್ತಿದ ಗಿಡ ಗುರುತಿಸುವುದನ್ನೋ ತೋರಿಸುವ ವಿಡಿಯೊಗೆ ಅಷ್ಟು ಧಾರಾಳ ಸಾಕು. ಫೈಬರ್ ಇರುವವರಿಗೆ ಈ ಜಿಪುಣತನ ಬೇಡ. ಪೂರ್ಣ ಎಚ್‌ಡಿಗೆ ಸೆಕೆಂಡಿಗೆ 5 ಮೆಗಾಬಿಟ್ ವೇಗ ಸಿಕ್ಕರೆ ನಡೆಯುತ್ತದೆ.

ನೆಟ್ ಇಲ್ಲದಾಗ ಮಿರರಿಂಗ್

ಪೇಟೆಗೆ ಹೋದಾಗ ಡೌನ್‌ಲೋಡ್ ಮಾಡಿಕೊಂಡು ಬಂದು ಮನೆಯಲ್ಲಿ ನೋಡುವುದು ಈ ಭಾಗದಲ್ಲಿ ಹಲವರ ರೂಢಿ. ಆದರೆ ಯೂಟ್ಯೂಬ್‌ನಲ್ಲಿ ಡೌನ್‌ಲೋಡ್ ಆಗಿರುವ ವಿಡಿಯೊ ಹಾಕಿ ಕಾಸ್ಟ್ ಒತ್ತಿದರೆ ಪ್ರಯೋಜನವಿಲ್ಲ. ಫೋನ್‌ನಲ್ಲಿರುವ ಪ್ರತಿಯನ್ನು ಟಿವಿ ಮುಟ್ಟುವುದೇ ಇಲ್ಲ, ಮತ್ತೆ ಇಂಟರ್ನೆಟ್ ಕೇಳುತ್ತದೆ. ಇಲ್ಲಿ ಬೇಕಾಗುವುದು ಮಿರರಿಂಗ್. ಆಂಡ್ರಾಯ್ಡ್ ಫೋನ್‌ಗಳು ಬಳಸುವ ಮಿರಾಕಾಸ್ಟ್ ಎಂಬ ವಿಧಾನ 2012ರಲ್ಲಿ ಬಂದದ್ದು. ಇದು ರೂಟರ್ ಇಲ್ಲದೆ ಫೋನ್ ಮತ್ತು ಟಿವಿ ನಡುವೆ ನೇರ ವೈಫೈ ಕೊಂಡಿ ಹಾಕುತ್ತದೆ.

ಟಿವಿಯಲ್ಲಿ 'ಸ್ಕ್ರೀನ್ ಮಿರರಿಂಗ್' ಅಥವಾ 'ಸ್ಕ್ರೀನ್ ಶೇರ್' ತೆರೆದಿಟ್ಟು, ಫೋನಿನ ಪರದೆಯನ್ನು ಮೇಲಿನಿಂದ ಎಳೆದರೆ ಸಿಗುವ ಗುಂಡಿಗಳಲ್ಲಿ ಹುಡುಕಬೇಕು. ಸ್ಯಾಮ್‌ಸಂಗ್‌ನಲ್ಲಿ ಇದರ ಹೆಸರು ಸ್ಮಾರ್ಟ್ ವ್ಯೂ. ಬೇರೆಯವುಗಳಲ್ಲಿ ಕಾಸ್ಟ್, ಸ್ಕ್ರೀನ್‌ಕಾಸ್ಟ್ ಎಂದೆಲ್ಲ ಇರುತ್ತದೆ. ಫೈರ್ ಟಿವಿ ಸ್ಟಿಕ್‌ನಲ್ಲಾದರೆ ರಿಮೋಟಿನ ಹೋಮ್ ಗುಂಡಿಯನ್ನು ಒತ್ತಿ ಹಿಡಿದರೆ ಮಿರರಿಂಗ್ ಆಯ್ಕೆ ಬರುತ್ತದೆ, ಆ ಮಾದರಿಗೆ ಸೌಲಭ್ಯ ಇದ್ದಲ್ಲಿ. ಗೂಗಲ್‌ನ ಪಿಕ್ಸೆಲ್ ಫೋನ್‌ಗಳಿಗೆ ಮಿರಾಕಾಸ್ಟ್ ಇಲ್ಲ. ಐಫೋನ್‌ಗೂ ಇಲ್ಲ; ಅದಕ್ಕೆ ಏರ್‌ಪ್ಲೇ ಇರುವ ಟಿವಿಯೇ ಬೇಕು.

ಚಿತ್ರ ಕಪ್ಪಾಗಿ ಧ್ವನಿ ಮಾತ್ರ ಕೇಳಿದರೆ ಟಿವಿ ಕೆಟ್ಟಿದೆ ಎಂದುಕೊಳ್ಳಬೇಕಿಲ್ಲ. ಚಂದಾ ಕಟ್ಟಿ ನೋಡುವ ಆ್ಯಪ್‌ಗಳು ನಕಲು ತಡೆಯಲು ಮಿರರಿಂಗ್‌ನಲ್ಲಿ ಚಿತ್ರವನ್ನು ಬೇಕೆಂದೇ ಮುಚ್ಚುವುದುಂಟು. ಮನೆಯ ಮದುವೆಯ ವಿಡಿಯೊ, ಫೋಟೊ, ಯೂಟ್ಯೂಬ್ ಇಂಥವಕ್ಕೆ ಆ ಕಟ್ಟು ಇಲ್ಲ.

ಗೋಡೆ ಮತ್ತು ದೂರ

ಹಳೆಯ ಹೆಂಚಿನ ಮನೆಗಳ ಮಣ್ಣು, ಕಲ್ಲಿನ ದಪ್ಪ ಗೋಡೆಗಳು ವೈಫೈಗೆ ದೊಡ್ಡ ಶತ್ರು. ಫೈಬರ್ ತಂತಿ ಒಳಗೆ ಬಂದ ಜಾಗದಲ್ಲೇ, ಸಾಮಾನ್ಯವಾಗಿ ಆಫೀಸ್ ಕೋಣೆಯಲ್ಲಿ, ರೂಟರ್ ಹೊಡೆದು ಹೋಗಿರುತ್ತಾರೆ. ಅದನ್ನು ಟಿವಿ ಕೋಣೆಗೋ ಮಧ್ಯದ ಹಜಾರಕ್ಕೋ, ಎತ್ತರದ ಜಾಗಕ್ಕೆ ಸರಿಸಿದರೆ ಹಲವು ಸಲ ಅಷ್ಟೇ ಸಾಕಾಗುತ್ತದೆ. ರಿಪೀಟರ್ ಕೊಳ್ಳುವವರು ಅದನ್ನು ಸಿಗ್ನಲ್ ಸತ್ತ ಜಾಗದಲ್ಲಿ ಇಡುತ್ತಾರೆ; ಇಡಬೇಕಾದ್ದು ಸಿಗ್ನಲ್ ಇನ್ನೂ ಚೆನ್ನಾಗಿರುವ ನಡುದಾರಿಯಲ್ಲಿ. ಬಂಗಲೆಯಿಂದ ಲೈನ್ ಮನೆಗೋ ಕಣದ ಪಕ್ಕದ ಆಫೀಸಿಗೋ ಸಂಪರ್ಕ ಒಯ್ಯಲು ಸಾಮಾನ್ಯ ಲ್ಯಾನ್ ಕೇಬಲ್‌ನ ಮಿತಿ 100 ಮೀಟರ್. ಬಯಲಿನಲ್ಲಿ ತಾಮ್ರದ ಕೇಬಲ್ ಎಳೆದರೆ ಸಿಡಿಲಿನ ಆಘಾತ ಎರಡೂ ಕಟ್ಟಡಗಳಿಗೆ ಹೋಗಬಲ್ಲದು, ಹೊರಗಡೆಗೆ ಫೈಬರ್ ವಾಸಿ.

ಹೋಂಸ್ಟೇ ನಡೆಸುವವರಿಗೂ ತಂಗುವವರಿಗೂ ಒಂದು ಮಾತು. ಒಂದೇ ವೈಫೈನಲ್ಲಿ ಹಲವು ಕೋಣೆಗಳ ಟಿವಿ ಇದ್ದರೆ ಪಕ್ಕದ ಕೋಣೆಯ ಟಿವಿಗೆ ವಿಡಿಯೊ ಹೋಗುವ ಮುಜುಗರ ಆಗುತ್ತದೆ. ಪ್ರತಿ ಟಿವಿಗೂ ಕೋಣೆಯ ಹೆಸರಿಟ್ಟರೆ ಗೊಂದಲ ಕಡಿಮೆ. ರೂಟರಿನ 'ಗೆಸ್ಟ್' ವೈಫೈ ಸಾಮಾನ್ಯವಾಗಿ ಸಾಧನಗಳು ಒಂದನ್ನೊಂದು ನೋಡದಂತೆ ತಡೆಯುವುದರಿಂದ ಅದರಲ್ಲಿ ಕಾಸ್ಟ್ ಆಗದೇ ಹೋಗಬಹುದು. ಅತಿಥಿಗಳ ಮಟ್ಟಿಗೆ, ಬೇರೆಯವರ ಟಿವಿಯಲ್ಲಿ ಪಾಸ್‌ವರ್ಡ್ ಒತ್ತಿ ಲಾಗಿನ್ ಆಗಿ ಮರೆತು ಹೋಗುವುದಕ್ಕಿಂತ ತಮ್ಮ ಫೋನ್‌ನಿಂದ ಕಾಸ್ಟ್ ಮಾಡಿ ಹೊರಡುವಾಗ ಡಿಸ್‌ಕನೆಕ್ಟ್ ಮಾಡುವುದು ಕ್ಷೇಮ.

ಕರೆಂಟ್ ಮತ್ತು ಸಿಡಿಲು

ಮೆಸ್ಕಾಂ ಲೈನ್ ಹೋದಾಗ ಟಿವಿ ಇನ್ವರ್ಟರ್‌ನಲ್ಲಿ ಓಡುತ್ತಿದ್ದರೂ ರೂಟರ್ ಬೇರೆ ಲೈನಿನಲ್ಲಿದ್ದರೆ ನೆಟ್ ನಿಲ್ಲುತ್ತದೆ. ರೂಟರನ್ನೂ ಫೈಬರ್ ಪೆಟ್ಟಿಗೆಯನ್ನೂ ಇನ್ವರ್ಟರ್ ಸಾಲಿಗೆ ತರಬೇಕು, ಇಲ್ಲವೇ ಅವಕ್ಕೆಂದೇ ಸಿಗುವ 12 ವೋಲ್ಟಿನ ಚಿಕ್ಕ ಯುಪಿಎಸ್ ಹಾಕಬೇಕು. ಕೊಳ್ಳುವ ಮುಂಚೆ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ನೋಡಿಕೊಳ್ಳಬೇಕು. ಮಾರ್ಚ್, ಏಪ್ರಿಲ್‌ನ ಹೂಮಳೆಯ ಜೊತೆ ಗುಡುಗು ಶುರುವಾದಾಗ ಟಿವಿ, ಸ್ಟಿಕ್, ರೂಟರ್ ಮೂರರ ಪ್ಲಗ್ಗನ್ನೂ ಕಿತ್ತಿಡಬೇಕು. ಸ್ವಿಚ್ ಆರಿಸಿದರೆ ಸಾಲದು. ಡಿಶ್ ಕೂಡ ಇದ್ದ ಮನೆಯಲ್ಲಿ ಛಾವಣಿಯಿಂದ ಬರುವ ಆ ಕೇಬಲ್ಲನ್ನೂ ಸೆಟ್‌ಟಾಪ್ ಬಾಕ್ಸಿನಿಂದ ಬಿಚ್ಚಬೇಕು. ಬಾಕ್ಸು, ಟಿವಿ, ಸ್ಟಿಕ್ಕು ಎಲ್ಲವೂ ಎಚ್‌ಡಿಎಂಐ ಮೂಲಕ ಒಂದಕ್ಕೊಂದು ತಗುಲಿಕೊಂಡಿರುವುದರಿಂದ ಆ ಒಂದು ತಂತಿಯಲ್ಲಿ ಇಳಿದ ಸಿಡಿಲು ಮೂರನ್ನೂ ಸುಡಬಹುದು.